ಡಿ ಅಂದರೆ ಧಾರವಾಡ

ನನಗೆ ಮೊಮ್ಮಗಳು ಹುಟ್ಟಿದಳು! ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರುವುದೆಲ್ಲ ನನ್ನ ಮರ್ಯಾದೆ ಹೋದ ಕಥೆ. ಅದು ಹೋಗುವ ಮೊದಲು ಒಂದಾದರೂ ಒಳ್ಳೆಯ ಸುದ್ದಿ ನಿಮ್ಮ ಕಿವಿಗೆ ಬೀಳಲಿ.

ಆಸ್ಪತ್ರೆಯಲ್ಲಿ ಕೂಸನ್ನು ನನ್ನ ಕೈಗೆ ಕೊಟ್ಟಾಗ ಅದು ಒಂದೇ ಕಣ್ಣು ತೆರೆದು, 'ಅಜ್ಜ ಅಂದರೆ ಇವನೇನಾ?' ಅನ್ನುವ ಹಾಗೆ ನೋಡಿ, ಮತ್ತೆ ಮುಚ್ಚಿಕೊಂಡಿತು. ನನಗೆ ಅಷ್ಟೇ ಸಾಕಾಯಿತು. ನಿಂತಲ್ಲೇ ಘೋಷಿಸಿದೆ: "ಈಕಿನ್ನ ಸಾಲಿಗೆ ನಾನ ಬಿಡಾಂವ. ನನ್ನ ಸ್ವಂತ ಗಾಡ್ಯಾಗ!"

"ಸಾಲಿಗೆ ಹೋಗಾಕ ಇನ್ನೂ ನಾಕು ವರ್ಷ ಐತ್ರಿ. ಮೊದ್ಲ ಕೂಸಿನ ಕುತ್ತಿಗಿ ಸರಿ ಹಿಡೀರಿ" ಎಂದಳು ನನ್ನ ಹೆಂಡತಿ ಗಂಗವ್ವ.

ನಾನು ಓದಿದ್ದು ಮೂರನೇ ಇಯತ್ತೆ. ಹುಬ್ಬಳ್ಳಿಯಲ್ಲಿ ನಮ್ಮದು ಚುರುಮುರಿ ಭಟ್ಟಿ. ಇಪ್ಪತ್ತೈದು ವರ್ಷ ಮೂರು ಗಾಲಿಯ ಲಗೇಜ್ ಆಟೋದಲ್ಲಿ ಚುರುಮುರಿ ಚೀಲ ಹೊತ್ತವನು. ಆ ಆಟೋದ ಕ್ಲಚ್ಚು ಇರುವುದು ಎಡಗೈಯಲ್ಲಿ. ಅದನ್ನು ಹಿಚುಕಿ ಹಿಚುಕಿ ನನ್ನ ಮಣಿಕಟ್ಟು ಎಷ್ಟು ಸವೆದಿತ್ತೆಂದರೆ ಚಹಾದ ಕಪ್ಪು ಹಿಡಿದರೂ ಗೇರು ಬದಲಿಸುವಂಥ ನೋವು. ಆಟೋದಲ್ಲಿ ಹಿಂದೆ ಸರಿಯಬೇಕಾದರೆ ಸೀಟಿನ ಹತ್ತಿರ ಬೇರೆಯೇ ಒಂದು ಹಿಡಿಕೆ ಎಳೆಯಬೇಕು. ಇದನ್ನು ನೀವು ನೆನಪಿನಲ್ಲಿಡಿ. ನಾನೂ ಇದನ್ನೇ ನೆನಪಿನಲ್ಲಿಟ್ಟುಕೊಂಡಿದ್ದೆ. ಎಡವಟ್ಟಾಗಿದ್ದು ಅದರಿಂದಲೇ.

ಗೋಕುಲ ರಸ್ತೆಯಲ್ಲಿ ಮಕ್ತುಮಸಾಬ ಎಂಬ ಮೆಕ್ಯಾನಿಕ್ ನನ್ನ ಹಳೆಯ ಸ್ನೇಹಿತ. ಅವನ ಗ್ಯಾರೇಜಿನಲ್ಲಿ ಒಂದು ಪಿಕಪ್ ನಿಂತಿತ್ತು. ಮುಂದೆ ಐದು ಮಂದಿ ಕೂರಬಹುದು, ಹಿಂದೆ ಹತ್ತು ಚೀಲ ಹಾಕಬಹುದು. ಯಾರೋ ಗುತ್ತಿಗೆದಾರರು ಓಡಿಸಿ ಓಡಿಸಿ ಮಾರಲಿಟ್ಟದ್ದು.

"ಇದು ಆಟೋಮ್ಯಾಟಿಕ್ ಐತ್ರಿ ರುದ್ರಪ್ಪ ಕಾಕಾ. ಕ್ಲಚ್ಚ ಇಲ್ಲ. ಗೇರು ತಾನ ಬದಲಾಗ್ತೈತಿ."

"ಖರೇನ? ಮತ್ತ ನಾ ಏನ್ ಮಾಡ್ಬೇಕು?"

"ನೀವು ಸುಮ್ನ ಕುಂಡ್ರಬೇಕು."

ಇಂಥ ಕೆಲಸವನ್ನು ನಾನು ಜೀವಮಾನವೆಲ್ಲ ಹುಡುಕುತ್ತಿದ್ದೆ! ಗಾಡಿಯೊಳಗೆ ಒಂದು ಹಿಡಿಕೆ, ಅದರ ಪಕ್ಕ ನಾಲ್ಕು ಇಂಗ್ಲಿಷ್ ಅಕ್ಷರ. ಮಕ್ತುಮಸಾಬ ಬೆರಳಿಟ್ಟು ತೋರಿಸಿದ. "ಡಿ ಹಾಕಿದ್ರ ಮುಂದ ಹೋಗೂದು. ಆರ್ ಹಾಕಿದ್ರ ಹಿಂದಕ್ಕ ಬರೂದು. ಪಿ ಹಾಕಿ ನಿಲ್ಲಿಸೂದು. ಎನ್ ನೀವು ಮುಟ್ಟಾಕ ಹೋಗಬ್ಯಾಡ್ರಿ."

ನನಗೆ ಮೈ ಜುಮ್ಮೆಂದಿತು. ಹುಬ್ಬಳ್ಳಿ-ಧಾರವಾಡದ ಮಂದಿಗೆ ಬದುಕಿನಲ್ಲಿ ಇರುವುದೇ ಎರಡು ಕೆಲಸ: ಹೋಗೂದು, ಹಿಂದಕ್ಕ ಬರೂದು. ಗಾಡಿ ಮಾಡಿದ ಪುಣ್ಯಾತ್ಮ ನಮ್ಮ ಊರನ್ನು ಕಣ್ಣ ಮುಂದೆ ಇಟ್ಟುಕೊಂಡೇ ಮಾಡಿದ್ದಾನೆ! ಡಿ ಅಂದರೆ ಧಾರವಾಡ. ಆರ್ ಅಂದರೆ ರಿಟರ್ನ್. ಮೂರನೇ ಇಯತ್ತೆ ಓದಿದವನಿಗೂ ತಿಳಿಯುವಂಥದ್ದು.

ಆದರೆ ಒಂದು ಪ್ರಶ್ನೆ ತಲೆಯಲ್ಲಿ ಕುಳಿತುಬಿಟ್ಟಿತು. ಹಳೆಯ ಗಾಡಿ, ತಾನೇ ಬದಲಾಗುವ ಗೇರು. ಅದು ಬಾಳಿಕೆ ಬರುವುದೆಷ್ಟು ದಿನ? ಕೂಸು ಶಾಲೆಗೆ ಹೋಗುವ ತನಕವಾದರೂ ಬಾಳಬೇಕಲ್ಲ?

ವಿಚಾರಣೆ ಆರಂಭಿಸಿದೆ. ಚಹಾದ ಅಂಗಡಿಯವನು "ಅವು ಹತ್ತು ವರ್ಷ ಮಾತಾಡಂಗಿಲ್ರಿ" ಎಂದ. ಕಟಿಂಗ್ ಅಂಗಡಿಯವನು ನನ್ನ ಗದ್ದಕ್ಕೆ ಕತ್ತಿ ಇಟ್ಟುಕೊಂಡೇ "ಒಮ್ಮೆ ಕೆಟ್ಟೂ ಅಂದ್ರ ಮುಗೀತ್ರಿ, ಗುಜರಿಗೆ" ಎಂದ. ಅವನ ಹತ್ತಿರ ಇರುವುದು ಸೈಕಲ್ಲು. ಆದರೂ ಕತ್ತಿ ಗದ್ದದ ಮೇಲಿದ್ದುದರಿಂದ ಒಪ್ಪಿಕೊಂಡೆ.

ಕೊನೆಗೆ ಮಕ್ತುಮಸಾಬನ ಹತ್ತಿರವೇ ಹೋದೆ. ಅವನು ಎಂಜಿನ್ನಿನ ಸಂದಿಯಿಂದ ಒಂದು ಉದ್ದನೆಯ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಮೂಗಿಗೆ ಹಿಡಿದ. "ಇದರ ಜೀವ ಪೂರಾ ಎಣ್ಣ್ಯಾಗ ಐತ್ರಿ ಕಾಕಾ. ಕೆಂಪಗ ಇರಬೇಕು. ಸುಟ್ಟ ವಾಸನಿ ಬಂತು ಅಂದ್ರ ಗೇರು ಒಳಗ ಸವದೈತಿ ಅಂತ ಅರ್ಥ."

ನಾನೂ ಮೂಸಿದೆ. ನಮ್ಮ ಓಣಿಯ ಮಿರ್ಚಿ ಅಂಗಡಿಯ ಬಾಣಲೆಗಿಂತ ಎಷ್ಟೋ ವಾಸಿ.

"ಹಿಂದಿನ ಮಾಲಕ್ರು ಎಣ್ಣಿ ಬದಲೀನ ಮಾಡಿಸಿಲ್ಲ. ಇದು ಲೈಫ್‌ಟೈಮ್ ಎಣ್ಣಿ ಅಂತ ಯಾರೋ ಹೇಳಿದ್ರಂತ" ಎಂದ.

"ಯಾರ ಲೈಫೋ ಮಾರಾಯಾ? ಎಣ್ಣೀದೋ, ಗಾಡೀದೋ, ಮಾಲಕ್ರದೋ?"

"ಅದನ್ನ ಯಾರೂ ಕೇಳಂಗಿಲ್ಲ ನೋಡ್ರಿ. ನಾ ಹೊಸಾ ಎಣ್ಣಿ ಹಾಕಿ ಕೊಡ್ತೇನಿ. ನೀವು ಎರಡು ಮಾತು ನೆನಪಿಡ್ರಿ. ಗಾಡಿ ಪೂರಾ ನಿಂತ ಮ್ಯಾಲೆ, ಬ್ರೇಕ್ ಒತ್ತಿ ಹಿಡದು ಹಿಡಿಕಿ ಸರಸ್ರಿ. ಮತ್ತ ಎಂಜಿನ್ ಬೊಬ್ಬಿ ಹೊಡದ್ರೂ ಗಾಡಿ ಮುಂದ ಹೋಗವಲ್ದು ಅಂದ್ರ ಗೇರು ಸ್ಲಿಪ್ ಆಗಾಕತ್ತೈತಿ ಅಂತ ತಿಳ್ಕೋರಿ."

ಮನೆಗೆ ಬಂದು ರಾತ್ರಿ ಊಟಕ್ಕೆ ಕುಳಿತಾಗ ನನಗೆ ಒಂದು ಮಹಾ ಸತ್ಯ ಹೊಳೆಯಿತು. ಮಂದಿ ಡಿ ಹಾಕಿ ಧಾರವಾಡಕ್ಕೆ ಹೋಗುತ್ತಾರೆ. ಬರುವಾಗಲೂ ಸೋಮಾರಿತನದಿಂದ ಡಿ ಹಾಕಿಯೇ ಬರುತ್ತಾರೆ! ಡಿ ಒಂದೇ ದುಡಿದು ಸಾಯುತ್ತದೆ, ಆರ್ ಕುಳಿತು ತಿನ್ನುತ್ತದೆ. ಗೇರು ಕೆಡದೆ ಇನ್ನೇನಾದೀತು? ಹೋಗುವಾಗ ಡಿ, ಬರುವಾಗ ಆರ್ ಹಾಕಿದರೆ ಎರಡೂ ಸಮನಾಗಿ ಸವೆದು, ಗಾಡಿ ದುಪ್ಪಟ್ಟು ಬಾಳಬೇಕು. ಇಷ್ಟು ಸಣ್ಣ ವಿಷಯ ದೊಡ್ಡ ದೊಡ್ಡ ಎಂಜಿನಿಯರರಿಗೆ ಹೇಗೆ ತಿಳಿಯಲಿಲ್ಲ? ಗಂಗವ್ವನಿಗೆ ತಟ್ಟೆಯಲ್ಲಿ ರೊಟ್ಟಿ ಚೂರು ಸರಿಸಿ ಸರಿಸಿ ವಿವರಿಸಿದೆ.

"ಆ ಗೇರು ಬಿಡ್ರಿ, ಪಲ್ಯ ಆರಾಕತ್ತೈತಿ" ಎಂದಳು.

ಹಾಗಾದರೆ ಹಿಂದೆ ಸರಿಯುವ ಹಿಡಿಕೆ ಎಲ್ಲಿ ಎಂದು ನೀವು ಕೇಳಬಹುದು. ನಾನೂ ಸೀಟಿನ ಹತ್ತಿರ ಹುಡುಕಿದ್ದೆ, ಸಿಗಲಿಲ್ಲ. ಇಷ್ಟು ದೊಡ್ಡ ಗಾಡಿ ಹಿಂದೆ ಯಾಕೆ ಸರಿಯಬೇಕು, ಎದುರಿನವರು ಸರಿದುಕೊಳ್ಳುತ್ತಾರೆ ಎಂದು ಬಿಟ್ಟೆ. ದುಡ್ಡು ಎಣಿಸಿಕೊಟ್ಟ ಮೇಲೆ ಮಕ್ತುಮಸಾಬನೇ ಗಾಡಿಯನ್ನು ಮನೆಗೆ ತಂದು ನಿಲ್ಲಿಸಿದ. ನಾನು ಭಟ್ಟಿಯ ಮುಂದಿನ ಬಯಲಿನಲ್ಲಿ ವಾರವಿಡೀ ಡಿ ಹಾಕಿ ಸುತ್ತಿದೆ. ದುಂಡಗೆ ಸುತ್ತುವವನಿಗೆ ಹಿಂದಕ್ಕೆ ಬರುವ ಪ್ರಶ್ನೆಯೇ ಇಲ್ಲವಲ್ಲ!

ಅಷ್ಟರಲ್ಲಿ ಕೂಸಿಗೆ ಹೆಸರಿಡುವ ದಿನ ಬಂತು. ಸೊಸೆಯ ತವರು ಧಾರವಾಡದ ಸಪ್ತಾಪುರ. ಕಾರ್ಯಕ್ರಮ ಅಲ್ಲಿಯೇ. ನಮ್ಮ ಮನೆಯ ತೇಗದ ತೊಟ್ಟಿಲಲ್ಲಿ ನನ್ನ ಅಪ್ಪ ಮಲಗಿದ್ದ, ನಾನು ಮಲಗಿದ್ದೆ, ನನ್ನ ಮಗನೂ ಮಲಗಿದ್ದ. ಕೂಸೂ ಅದರಲ್ಲೇ ಮಲಗಬೇಕೆಂದು ನನ್ನ ಹಟ. ಬೀಗರು ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದ್ದರು: "ನಮ್ಮ ಮನ್ಯಾಗ ಹೊಸಾ ಸ್ಟೀಲಿನ ತೊಟ್ಟಿಲ ಐತ್ರಿ ಬೀಗರ. ನಿಮಗ್ಯಾಕ ತ್ರಾಸು?"

ಸ್ಟೀಲ್! ನನ್ನ ಮೊಮ್ಮಗಳೇನು ಇಡ್ಲಿ ಪಾತ್ರೆಯೇ? "ತ್ರಾಸು ಏನಿಲ್ರಿ. ನಮ್ಮ ಸ್ವಂತ ಗಾಡಿ ಐತಿ" ಎಂದೆ. ಸ್ವಂತ ಎನ್ನುವ ಮಾತನ್ನು ಎರಡು ಸಲ ಹೇಳಿದೆ.

ಬೆಳಿಗ್ಗೆ ತೊಟ್ಟಿಲು ಹಾಕಿದೆವು. ಬಂದವರಿಗೆ ಗಿರಮಿಟ್ ಮಾಡಲು ಎರಡು ಚೀಲ ಚುರುಮುರಿ ಹಾಕಿದೆವು. ಗಂಗವ್ವ ಮತ್ತು ಮಗಳು ಸುಮಂಗಲಾ ಹತ್ತಿದರು. ಸುಮಂಗಲಾ ಕೂಸಿನ ಸೋದರತ್ತೆ. ಹೆಸರಿಡುವವಳೂ ಅವಳೇ, ಹೆಸರಿಟ್ಟ ಮೇಲೆ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವಳೂ ಅವಳೇ. ದಾರಿಯುದ್ದಕ್ಕೂ ಗಂಗವ್ವ ಏನೋ ಹೇಳಲು ನೋಡುತ್ತಿದ್ದಳು. ನಾನು ಗೇರಿನ ಬಾಳಿಕೆಯ ಬಗ್ಗೆ ಮಾತಾಡುತ್ತಿದ್ದೆ. ನವಲೂರು ದಾಟುವ ಹೊತ್ತಿಗೆ ಅವಳು ಬಾಯಿ ಮುಚ್ಚಿಕೊಂಡಳು.

ಸಪ್ತಾಪುರದಲ್ಲಿ ಬೀಗರ ಮನೆಯ ಮುಂದೆ ಚೆಂದದ ಪೆಂಡಾಲು. ಪಕ್ಕದ ಮನೆಯ ತುಂಬ ಬಾಡಿಗೆಗಿರುವ ಕಾಲೇಜು ಹುಡುಗರು. ಅವರ ಬೈಕುಗಳು ಪೆಂಡಾಲಿನ ತನಕ ಸಾಲಾಗಿ ನಿಂತಿದ್ದವು. ನಾನು ಅದೆಲ್ಲವನ್ನೂ ದಾಟಿ ಮುಂದೆ ಹೋಗಿ ಗಾಡಿ ನಿಲ್ಲಿಸಿ, ಪಿ ಹಾಕಿ, ರಾಜನಂತೆ ಇಳಿದೆ. ತೊಟ್ಟಿಲನ್ನು ಒಳಗೆ ಸಾಗಿಸಿದೆವು. ಬೀಗರು ಛಾವಣಿಯ ಕೊಂಡಿ ನೋಡಿ ಕೇಳಿದರು: "ಸರಪಳಿ ಎಲ್ಲದಾವ್ರಿ ಬೀಗರ?"

ತೊಟ್ಟಿಲು ತೂಗುಹಾಕುವ ಹಿತ್ತಾಳೆಯ ಸರಪಳಿ! "ಗಾಡ್ಯಾಗ ಅದಾವ್ರಿ" ಎಂದು ಹೊರಗೆ ಬಂದು ಸೀಟಿನ ಕೆಳಗೆ, ಮೇಲೆ, ಸಂದಿಯಲ್ಲಿ ಹುಡುಕಿದೆ. ಇಲ್ಲ! ಮನೆಯಲ್ಲೇ ಬಿಟ್ಟು ಬಂದಿದ್ದೇವೆ. ಕಿಟಕಿಯಿಂದ ನೋಡಿದರೆ ಒಳಗೆ ಮೂಲೆಯಲ್ಲಿ ಸ್ಟೀಲಿನ ತೊಟ್ಟಿಲು ಥಳಥಳ ಹೊಳೆಯುತ್ತ ನನ್ನನ್ನೇ ನೋಡುತ್ತಿತ್ತು. ಗಂಗವ್ವ ಕೂಸಿನ ಕೋಣೆಯಲ್ಲಿದ್ದಳು. ಅವಳಿಗೆ ಹೇಳಿದರೆ ಬೀಗರ ಮನೆಗೆಲ್ಲ ಕೇಳಿಸುತ್ತದೆ. ಹೆಸರಿಡಲು ಇನ್ನೂ ಎರಡು ತಾಸು ಇತ್ತು. ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿ ತಂದುಬಿಡೋಣ ಎಂದು ಗಾಡಿ ಹತ್ತಿದೆ.

ಹುಬ್ಬಳ್ಳಿಗೆ. ಅಂದರೆ ಹಿಂದಕ್ಕೆ. ಅಂದರೆ ಆರ್!

ಗಾಡಿ ಪೂರಾ ನಿಂತಿತ್ತು. ಬ್ರೇಕ್ ಒತ್ತಿ ಹಿಡಿದೆ. ನಿಯಮಬದ್ಧವಾಗಿ, ಸಾವಕಾಶವಾಗಿ ಹಿಡಿಕೆಯನ್ನು ಆರ್‌ಗೆ ಸರಿಸಿದೆ. ಗಾಡಿ 'ಪೀಂ ಪೀಂ' ಎಂದು ಹಾಡತೊಡಗಿತು. ಊರಿಗೆ ಹೋಗುವ ಖುಷಿ ಅದಕ್ಕೂ ಆಗಿದೆ ಎಂದುಕೊಂಡೆ. ಬ್ರೇಕ್ ಬಿಟ್ಟೆ. ಗಾಡಿ ಹಿಂದೆ ಸರಿಯಿತು.

ಸ್ಲಿಪ್! ಮಕ್ತುಮಸಾಬ ಹೇಳಿದ ರೋಗ ಇದೇ! ಗೇರು ಸವೆದಿದೆ, ಗಾಡಿ ಮುಂದೆ ಹೋಗಲಾರದೆ ಹಿಂದೆ ಜಾರುತ್ತಿದೆ. ಜಾರುವ ಗಾಡಿಯನ್ನು ಮುಂದೆ ತರಬೇಕಾದರೆ ಏನು ಮಾಡಬೇಕು? ಆಕ್ಸಲರೇಟರ್ ಒತ್ತಬೇಕು. ಒತ್ತಿದೆ. ಜೋರಾಗಿ ಜಾರಿತು. ಇನ್ನೂ ಜೋರಾಗಿ ಒತ್ತಿದೆ!

ಮೊದಲ ಬೈಕು ಎರಡನೆಯದರ ಮೇಲೆ ಬಿತ್ತು, ಎರಡನೆಯದು ಮೂರನೆಯದರ ಮೇಲೆ. ಕೊನೆಯ ಬೈಕು ಯಾವುದರ ಮೇಲೆ ಬೀಳುವುದೆಂದು ಒಂದು ಕ್ಷಣ ವಿಚಾರ ಮಾಡಿ ನೆಲದ ಮೇಲೆ ಬಿತ್ತು. ಆಮೇಲೆ ಪೆಂಡಾಲಿನ ಕಂಬ. ಆಮೇಲೆ ಪೆಂಡಾಲು. ಕೆಂಪು ಹಳದಿ ಬಟ್ಟೆ ಸಾವಕಾಶವಾಗಿ ಇಳಿದು ಗಾಡಿಯನ್ನು ಪೂರಾ ಹೊದಿಸಿತು. ಕತ್ತಲಾಯಿತು. ಗೇರಿನ ಜೊತೆ ನನ್ನ ಕಣ್ಣೂ ಹೋಯಿತೆಂದು ಹೆದರಿ ಎರಡೂ ಕಾಲು ಬ್ರೇಕಿನ ಮೇಲಿಟ್ಟೆ.

ಪುಣ್ಯಕ್ಕೆ ಎಲ್ಲರೂ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದರು. ಯಾರ ಕೂದಲೂ ಕೊಂಕಲಿಲ್ಲ. ಬಟ್ಟೆ ಸರಿಸಿ ಇಣುಕಿದವನು ಪಕ್ಕದ ಮನೆಯ ವಿದ್ಯಾರ್ಥಿ. ಬಾಯಲ್ಲಿ ಹಲ್ಲುಜ್ಜುವ ಬ್ರಶ್ಶು.

"ಅಜ್ಜಾರ, ಹಿಂದ ಯಾಕ ಬಂದ್ರಿ?"

"ನಾ ಹಿಂದ ಬಂದಿಲ್ಲೋ ತಮ್ಮಾ, ಹಿಂದಕ್ಕ ಹೊಂಟೇನಿ. ಹುಬ್ಬಳ್ಳಿಗೆ. ಆರ್ ಹಾಕೇನಿ ನೋಡು. ರಿಟರ್ನ್!"

ಅವನ ಬಾಯಿಂದ ಬ್ರಶ್ಶು ಜಾರಿತು. "ಆರ್ ಅಂದ್ರ ರಿವರ್ಸ್ ರೀ ಅಜ್ಜಾರ!"

ಅಷ್ಟರಲ್ಲಿ ಬೀಗರ ಮನೆಗೆ ಮನೆಯೇ ಹೊರಗೆ ಬಂದಿತ್ತು. ಎಲ್ಲರ ಮುಂದೆ ಗಂಗವ್ವ. ಸೊಂಟದ ಮೇಲೆ ಕೈ.

"ಎಲ್ಲಿಗೆ ಹೊಂಟಿದ್ರಿ?"

ಬಿದ್ದ ಪೆಂಡಾಲಿನ ಕೆಳಗೆ ಸುಳ್ಳು ಹೇಳುವುದು ಕಷ್ಟ. "ಸರಪಳಿ ತರಾಕ" ಎಂದೆ, ಮೆಲ್ಲಗೆ.

ಗಂಗವ್ವ ಗಾಡಿಯ ಹಿಂಬದಿಗೆ ಕೈ ತೋರಿಸಿದಳು. ಕಂಬ ಚುಚ್ಚಿ ಚುರುಮುರಿ ಚೀಲ ಹರಿದಿತ್ತು. ರಸ್ತೆ ತುಂಬ ಚುರುಮುರಿ. ಅದರ ನಡುವೆ, ಹಬ್ಬದ ದಿನ ತೊಳೆದಿಟ್ಟಂತೆ ಹೊಳೆಯುತ್ತ, ನಾಲ್ಕು ಹಿತ್ತಾಳೆ ಸರಪಳಿ!

"ಖಣಖಣ ಅಂತಾವಂತ ನಾನ ಚೀಲದಾಗ ಇಟ್ಟಿದ್ದೆ. ದಾರ್ಯಾಗ ಮೂರು ಸಲ ಹೇಳಾಕ ಬಂದೆ. ನೀವು ಗೇರು, ಗೇರು, ಗೇರು!"

ಅಂದರೆ ನಾನು ಹಿಂದಕ್ಕೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಎರಡೂ ಅರ್ಥದಲ್ಲಿ!

ಬೀಗರು ದೊಡ್ಡ ಮನುಷ್ಯರು. ಸರಪಳಿಯ ಮೇಲಿನ ಚುರುಮುರಿ ಊದಿ, ತಾವೇ ತೊಟ್ಟಿಲು ಕಟ್ಟಿದರು. "ಸ್ಟೀಲಿನ ತೊಟ್ಟಿಲ ಬ್ಯಾಡ್ರಿ. ಇಷ್ಟು ಕಷ್ಟಪಟ್ಟೀರಿ" ಎಂದರು. ಹುಡುಗರ ಬೈಕುಗಳನ್ನು ಎತ್ತಿ ನಿಲ್ಲಿಸಿ, ಮುರಿದ ಕನ್ನಡಿಗಳನ್ನೆಲ್ಲ ಹಾಕಿಸಿಕೊಡುತ್ತೇನೆಂದು ಮಾತು ಕೊಟ್ಟು, ಅಷ್ಟೂ ಹುಡುಗರನ್ನು ಊಟಕ್ಕೆ ಕರೆದೆ. ಆರ್ ಅಕ್ಷರ ಕಲಿಸಿದ್ದಕ್ಕೆ ಗುರುದಕ್ಷಿಣೆ.

ನನ್ನ ಅಪ್ಪ ಮಲಗಿದ ತೊಟ್ಟಿಲಲ್ಲಿ ಕೂಸು ಮಲಗಿತು. ಸುಮಂಗಲಾ ಬಗ್ಗಿ ಅದರ ಕಿವಿಯಲ್ಲಿ ಹೇಳಿದಳು: ದಾಕ್ಷಾಯಣಿ. ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ಒಂದಿಷ್ಟು ಮಂದಿ ನನ್ನ ಕಡೆಗೂ ಆಸೆಯಿಂದ ನೋಡಿದರು. ಕೂಸು ಈ ಸಲ ಎರಡೂ ಕಣ್ಣು ತೆರೆದು ನನ್ನನ್ನು ನೋಡಿತು. ಎಂಥ ಕಣ್ಣು! ಅದಕ್ಕಾಗಿ ಇನ್ನೊಂದು ಪೆಂಡಾಲು ಕೆಡವಲೂ ನಾನು ಸಿದ್ಧ.

ಆಮೇಲೆ ಹೆಂಗಸರು ಗಂಗವ್ವನನ್ನು ಹಿಡಿದುಕೊಂಡರು. "ಗಂಡನ ಹೆಸರು ಹೇಳ್ರಿ, ಒಡಪ ಹಾಕಿ ಹೇಳ್ರಿ!" ನಲವತ್ತು ವರ್ಷದಲ್ಲಿ ಅವಳು ನನ್ನ ಹೆಸರು ಹೇಳಿದ್ದು ಇಂಥ ಒಡಪಿನಲ್ಲಷ್ಟೇ. ಪ್ರತಿ ಸಲವೂ ಬೆಳ್ಳಿ ಬಟ್ಟಲು, ಮಲ್ಲಿಗೆ ಹೂವು ಅಂತ ಚೆಂದದ ಮಾತೇ ಇರುತ್ತಿತ್ತು. ನಾನು ಪೇಟ ಸರಿಮಾಡಿಕೊಂಡು ಕುಳಿತೆ. ಗಂಗವ್ವ ಸೆರಗು ಹೊದ್ದು, ಗಂಟಲು ಸರಿಮಾಡಿಕೊಂಡು ಹೇಳಿದಳು:

"ಡಿ ಗೇರಿನ್ಯಾಗ ದಾಕ್ಷಾಯಣಿ ಮುಂದ ನಡದಾಳ ಭರ್ರಂತ,
ಆರ್ ಗೇರಿನ್ಯಾಗ ರುದ್ರಪ್ಪ ಪೆಂಡಾಲ ಕೆಡವ್ಯಾರ ಸರ್ರಂತ!"

ಬಿದ್ದ ಪೆಂಡಾಲು ಮತ್ತೊಮ್ಮೆ ಬೀಳುವ ಹಾಗೆ ಮನೆ ನಕ್ಕಿತು.

ಊಟದ ಹೊತ್ತಿಗೆ ಮಕ್ತುಮಸಾಬ ಬಸ್ಸಿಗೆ ಬಂದ. ನಾನೇ ಕರೆದಿದ್ದೆ. ಎಲ್ಲವನ್ನೂ ಕೇಳಿ, ಗಾಡಿಯ ಕಡ್ಡಿ ಎಳೆದು ಮೂಸಿ, ನಗು ತಡೆದುಕೊಂಡ. ನಾನು ಬಗ್ಗಿ ಮೆಲ್ಲಗೆ ಕೇಳಿದೆ: "ಖರೇ ಹೇಳೋ. ಕೂಸು ಸಾಲಿಗೆ ಹೋಗೂ ತನಕ ಈ ಗೇರು ಬಾಳಿಕಿ ಬರತೈತೇನ?"

"ಗೇರಿಗೆ ಏನೂ ಆಗಿಲ್ರಿ ಕಾಕಾ. ಎಣ್ಣಿ ಕೆಂಪಗ ಐತಿ. ಗೇರು ಬಾಳತೈತ್ರಿ. ಸಾಲಿ ಕಂಪೌಂಡ ಗ್ವಾಡಿ ಬಾಳತೈತೋ ಇಲ್ಲೋ, ಅದರ ಗ್ಯಾರಂಟಿ ನಾ ಕೊಡಂಗಿಲ್ಲ."

ಸಂಜೆ ಹೊರಟೆವು. ಮಕ್ತುಮಸಾಬ ಓಡಿಸಲು ಕುಳಿತ. ಮುಂದಿನ ಸೀಟಿನಲ್ಲಿ ಗಂಗವ್ವ, ಅವಳ ಹಿಂದೆ ಸುಮಂಗಲಾ, ಉಳಿದ ಜಾಗದಲ್ಲಿ ಬೀಗರು ಕೊಟ್ಟ ಬುತ್ತಿಯ ಗಂಟುಗಳು. ನನಗೆ ಸಿಕ್ಕಿದ್ದು ಹಿಂಬದಿ, ಚುರುಮುರಿಯ ಖಾಲಿ ಚೀಲದ ಮೇಲೆ.

"ಯಾವ ಗೇರು ಹಾಕೀಯೋ?" ಎಂದು ಕೂಗಿ ಕೇಳಿದೆ.

"ಡಿ ರೀ ಕಾಕಾ!"

ಹುಬ್ಬಳ್ಳಿಗೆ ಹೋಗಲು ಡಿ! ಈಗಲೂ ನನ್ನ ಮನಸ್ಸು ಪೂರಾ ಒಪ್ಪಿಲ್ಲ. ಗಾಡಿ ಹೊರಟಿತು. ಗಾಳಿ ಮುಖಕ್ಕೆ ಬಡಿಯದಿರಲೆಂದು ನಾನು ಹಿಂದೆ ಮುಖ ಮಾಡಿ ಕುಳಿತಿದ್ದೆ. ಧಾರವಾಡ ನನ್ನ ಕಣ್ಣ ಮುಂದೆಯೇ ಇತ್ತು, ನಾನು ಬೆನ್ನು ಮುಂದಾಗಿ ಹುಬ್ಬಳ್ಳಿಯ ಕಡೆಗೆ ಸಾಗುತ್ತಿದ್ದೆ. ಗಾಡಿ ಡಿಯಲ್ಲಿ ಹೋಯಿತು. ನಾನು ಮಾತ್ರ, ನನ್ನ ಸಿದ್ಧಾಂತದಂತೆ, ಮನೆಯ ತನಕ ಆರ್‌ನಲ್ಲೇ ಬಂದೆ!