ಕುಂದುಕೊರತೆ ಅಧಿಕಾರಿ ಗಂಗಮ್ಮ

“ಅಮ್ಮಾ, ಅಜ್ಜಿಗೆ ಈಗ ಯಾಕೆ ಯಾರೂ ಬೈಯಲ್ಲ?”

ಮೊನ್ನೆ ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ನನ್ನ ಐದು ವರ್ಷದ ಮಗಳು ಅಶ್ವಿತಾ ಕೇಳಿದ ಪ್ರಶ್ನೆ ಇದು. ಬೇರೆ ಮನೆಗಳಲ್ಲಿ ಮಕ್ಕಳು ಅಜ್ಜಿಗೆ ಯಾಕೆ ಹಲ್ಲಿಲ್ಲ, ಅಜ್ಜಿಯ ಕೂದಲು ಯಾಕೆ ಬಿಳಿ ಎಂದು ಕೇಳುತ್ತವೆ. ನಮ್ಮ ಮನೆಯಲ್ಲಿ ಅಜ್ಜಿಗೆ ಬೈಗುಳ ಯಾಕೆ ನಿಂತುಹೋಯಿತು ಎಂಬುದೇ ಚಿಂತೆ! ಕೈಯಲ್ಲಿದ್ದ ರೊಟ್ಟಿ ಎರಡಾಯಿತು. ಆ ಬೈಗುಳ ತರಿಸಿದವಳೂ ನಾನೇ, ನಿಲ್ಲಿಸಿದವಳೂ ನಾನೇ. ಎರಡನ್ನೂ ಎಷ್ಟು ಹೆಮ್ಮೆಯಿಂದ ಮಾಡಿದ್ದೆ ಎಂಬುದಕ್ಕೆ ನನ್ನ ಡೈರಿಯೇ ಸಾಕ್ಷಿ.

ಮೇ ತಿಂಗಳ ಒಂದು ಪುಟದಲ್ಲಿ, ಅಡಿಯಲ್ಲಿ ಎರಡು ಗೀಟು ಎಳೆದು ಬರೆದಿದ್ದೇನೆ: “ಅತ್ತೆಗೆ ಮತ್ತೆ ಗಿರಾಕಿಗಳನ್ನು ತಂದುಕೊಡುತ್ತೇನೆ. ಇದು ಈ ಮನೆಯ ಸೊಸೆಯ ಶಪಥ!”

ನನ್ನ ಅತ್ತೆ ಗಂಗಮ್ಮ ಮೂವತ್ತೊಂದು ವರ್ಷ ನಾಪೋಕ್ಲು ರಸ್ತೆಯಲ್ಲಿ ಅಂಗಡಿ ಇಟ್ಟಿದ್ದವರು. ಬೆಲ್ಲ, ಬೆಂಕಿಪೆಟ್ಟಿಗೆ, ಒಣಮೀನು, ಹಗ್ಗ, ಜೊತೆಗೆ ಅವರೇ ಹಾಕಿದ ಕಾಡುಮಾವಿನ ಉಪ್ಪಿನಕಾಯಿ. ನಾನು ಕೊಡ್ಲಿಪೇಟೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ, ಮಧ್ಯಾಹ್ನದ ಬುತ್ತಿ ಕೊಟ್ಟು ಬರುತ್ತೇನೆಂದು ಹೋದವಳು ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತುಬಿಡುತ್ತಿದ್ದೆ. ಅಂಥ ವ್ಯಾಪಾರವನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಒಂದು ಕೆಜಿ ಬೆಲ್ಲ ಕೊಡಿ ಗಂಗಮ್ಮಕ್ಕ.”

“ಎಂಥಕ್ಕೆ?”

“ಪಾಯಸಕ್ಕೆ.”

“ಹಾಗಾದ್ರೆ ಬೇಡ. ಈ ಸಲದ್ದು ಉಪ್ಪುಪ್ಪು ಉಂಟು. ಗುರುವಾರ ಬೇರೆ ಬರ್ತದೆ.”

“ಹಬ್ಬ ಇವತ್ತಲ್ಲವಾ!”

“ಗುರುವಾರ ಮಾಡಿ. ದೇವರೇನು ಬಸ್ಸು ಹತ್ತಿ ಹೋಗ್ತಾನಾ?”

ಅಲ್ಲಿಂದ ಜಗಳ ಶುರು! ಬೆಲ್ಲದ ಜಗಳ ಹಸುವಿನ ಕಾಲುನೋವಿಗೆ ಹೊರಳಿ, ಅಲ್ಲಿಂದ ಮಗಳ ಸಂಬಂಧದ ಮಾತಿಗೆ ಬಂದು, ಬಸ್ಸಿನ ಹಾರನ್ ಕೇಳಿದ ಮೇಲೇ ಮುಗಿಯುತ್ತಿತ್ತು. ಹೊರಡುವಾಗ ಕೊಸರೆಂದು ಒಂದು ಹಿಡಿ ಒಣಮೀನು, ಸೊಂಟದ ಮೇಲಿನ ಮಗುವಿಗೊಂದು ಪೆಪ್ಪರಮಿಂಟು. ಹೆಚ್ಚುವರಿ ಎಂದರೆ ಆ ಅಂಗಡಿಯಲ್ಲಿ ಕೊಡುವುದು, ಕೀಳುವುದಲ್ಲ.

ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು. ಅತ್ತೆ ಮನೆಗೆ ಬಂದು ಜಗುಲಿಯಲ್ಲಿ ರಸ್ತೆಗೆ ಮುಖ ಮಾಡಿ ಕೂತರು. ಗೇಟು ಸದ್ದಾದರೆ ಅರ್ಧ ಏಳುವರು. ಬಂದದ್ದು ಕರೆಂಟು ಬಿಲ್ಲಿನವನಾದರೆ ಮತ್ತೆ ಕೂರುವರು. ಆ ಅರ್ಧ ಏಳುವುದನ್ನು ನೋಡಲಾಗದೆ ನಾನು ಶಪಥ ಮಾಡಿದ್ದು.

ಶಪಥವೇನೋ ಆಯಿತು. ಮೊಬೈಲ್ ತೆಗೆದು ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲಿ ಅತ್ತೆಯ ಉಪ್ಪಿನಕಾಯಿಗೆ ಅಂಗಡಿ ತೆರೆಯಲು ಕೂತೆ. ಫಾರಂ ಮುಗಿಯುವುದೇ ಇಲ್ಲ! ಮಾರುವವರ ಹೆಸರು, ಊರು, ಪಿನ್‌ಕೋಡು... ಕೊನೆಯಲ್ಲಿ ‘ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಫೋನ್ ನಂಬರ್’.

“ರೀ, ನಮ್ಮ ಕುಂದುಕೊರತೆ ಅಧಿಕಾರಿ ಯಾರು?”

ನನ್ನ ಗಂಡ ತೀರ್ಥಪ್ರಸಾದ್ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಬರೆಯುತ್ತಿದ್ದ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ಈ ಮನೇಲಿ ಕುಂದು ಹುಡುಕೋದು ನೀನು, ಕೊರತೆ ಎಲ್ಲ ಇರೋದು ನನ್ನಲ್ಲಿ. ನಮ್ಮಿಬ್ಬರನ್ನ ಬಿಟ್ಟು ಅವ್ವನ ಹೆಸರು ಹಾಕು.”

ಹಾಕಿದೆ. ಬಾಟಲಿಗೆ ಇನ್ನೂರ ನಲವತ್ತು ಎಂದು ಬೆಲೆಯನ್ನೂ ಹಾಕಿದೆ. ಇಪ್ಪತ್ತು ದಿನದಲ್ಲಿ ಹದಿನೆಂಟು ಆರ್ಡರ್! ದಂಡಯಾತ್ರೆ ಗೆದ್ದ ರಾಣಿಯ ಗತ್ತಿನಲ್ಲಿ ನಾನು ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಡುಗೆಮನೆಗೆ ಓಡಾಡುತ್ತಿದ್ದೆ. ಆಗ ಅಶ್ವಿತಾ ಅಜ್ಜಿಯ ಫೋನ್ ಹಿಡಿದು ಓಡಿ ಬಂದಳು.

“ಅಜ್ಜೀ, ನಿಂಗೆ ಯಾರೋ ಬೈತಿದ್ದಾರೆ, ಬೇಗ ಬಾ!”

ಸ್ಪೀಕರಿನಲ್ಲಿ ಒಂದು ಹೆಂಗಸಿನ ದನಿ ಗುಡುಗುತ್ತಿತ್ತು. “ಏನಮ್ಮಾ, ಕುಂದುಕೊರತೆ ಅಧಿಕಾರಿ ನೀವೇನಾ?”

ಅತ್ತೆ ಸೆರಗು ಸರಿಮಾಡಿಕೊಂಡರು. “ಹೌದು. ಯಾರು ಮಾತಾಡೋದು?”

“ತುರುವೇಕೆರೆಯಿಂದ ಸುಮಿತ್ರಮ್ಮ. ಇನ್ನೂರ ನಲವತ್ತು ಅಂತ ಆಸೆ ತೋರ್ಸಿ, ಕೊನೇಲಿ ಮುನ್ನೂರ ಐವತ್ತೆಂಟು ಕಿತ್ಕೊಂಡ್ರಲ್ಲ, ಇದು ನ್ಯಾಯಾನಾ? ಕೇಳೋಣ ಅಂದ್ರೆ ಬಾಟ್ಲಿ ಮೇಲಿರೋದು ನಿಮ್ಮ ನಂಬರ್ ಒಂದೇ!”

ಅತ್ತೆ ನನ್ನ ಕಡೆ ತಿರುಗಿದರು. ಮೂವತ್ತೊಂದು ವರ್ಷದಲ್ಲಿ ಅವರನ್ನು ಜಗಳಗಂಟಿ ಎಂದವರಿದ್ದರು. ಕಿತ್ತುಕೊಂಡಿರಿ ಎಂದವರು ಒಬ್ಬರೂ ಇರಲಿಲ್ಲ. ನಾನು ಗಡಬಡಿಸಿ ಮೊದಲ ಸಲ ಕೊಳ್ಳುವವಳಾಗಿ ನಮ್ಮದೇ ಅಂಗಡಿಯೊಳಗೆ ಹೊಕ್ಕೆ. ಮೊದಲ ಪುಟದಲ್ಲಿ ಇನ್ನೂರ ನಲವತ್ತು ನಗುತ್ತಾ ಕೂತಿತ್ತು. ಎರಡನೆಯದರಲ್ಲೂ ಅದೇ ನಗು. ದುಡ್ಡು ಕಟ್ಟುವ ಕೊನೆಯ ಪುಟದಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ನೆಂಟರೆಲ್ಲ ಒಟ್ಟಿಗೆ ಬಂದಿಳಿದಿದ್ದರು!

“ತಲುಪಿಸೋದಕ್ಕೆ ಅರವತ್ತೊಂಬತ್ತು, ಅತ್ತೆ. ಪ್ಲಾಟ್‌ಫಾರ್ಮ್ ಫೀ ಹದಿನೈದು.”

“ಪ್ಲಾಟ್‌ಫಾರ್ಮಾ? ಕೊಡಗಿಗೆ ರೈಲೇ ಇಲ್ಲೆ!”

“ಹ್ಯಾಂಡ್ಲಿಂಗ್ ಹತ್ತೊಂಬತ್ತು. ಅಂದ್ರೆ, ಕೈಯಲ್ಲಿ ಹಿಡಿದದ್ದಕ್ಕೆ.”

“ಮಾವಿನಕಾಯಿ ಹೆಕ್ಕಿದ್ದು ನನ್ನ ಕೈ. ಒರೆಸಿದ್ದು ನನ್ನ ಕೈ. ಖಾರ ಕಲಸಿ ಎರಡು ದಿನ ಉರಿದದ್ದು ನನ್ನ ಕೈ. ಇವರು ಯಾವಾಗ ಕೈ ಹಾಕಿದ್ರು?”

“ಮಳೆಗಾಲದ ಹೆಚ್ಚುವರಿ ಹದಿನೈದು.”

“ಮಳೆಗೂ ದುಡ್ಡಾ! ಹಾಗಾದ್ರೆ ನಾವೆಲ್ಲ ಕೋಟ್ಯಧಿಪತಿಗಳಾಗ್ಬೇಕಿತ್ತಲ್ಲ ಮಾರಾಯ್ತಿ!”

ಆ ಕಡೆಯಿಂದ ಸುಮಿತ್ರಮ್ಮ ಕಿಸಕ್ಕೆಂದು ನಕ್ಕರು. ನಕ್ಕದ್ದು ಗೊತ್ತಾಗಬಾರದೆಂದು ತಕ್ಷಣ ಇನ್ನಷ್ಟು ಜೋರು ಮಾಡಿದರು. “ಅದೆಲ್ಲ ಇರ್ಲಿ, ಉಪ್ಪಿನಕಾಯಿ ತುಂಬ ಬರೀ ಗೊರಟೆ!”

“ಕಾಡುಮಾವು ಅಂದ್ರೆ ಗೊರಟೆಯೇ. ಅದನ್ನ ಕಚ್ಚೋದಲ್ಲ, ಚೀಪೋದು. ಹಲ್ಲು ಗಟ್ಟಿ ಉಂಟಾ ನಿಮ್ಗೆ?”

“ಎಲ್ಲಿಯ ಹಲ್ಲು ತಾಯಿ, ಹೋದ ವರ್ಷ ನಾಲ್ಕು ಕಿತ್ಸಿದ್ದೀನಿ.”

“ಅಯ್ಯೋ! ಊತ ಬಂತಾ?”

ಮುಗಿಯಿತು! ನಾನು ಅನ್ನ ಬಸಿದು, ಮಗಳಿಗೆ ಸ್ನಾನ ಮಾಡಿಸಿ, ಜಡೆ ಹೆಣೆದು ಬಂದರೂ ಮಾತು ಸುಮಿತ್ರಮ್ಮನ ಮಂಡಿನೋವಿನ ಹತ್ತಿರವೇ ನಿಂತಿತ್ತು. ಅಲ್ಲಿಂದ ಮುಂದೆ ಪ್ರತಿ ಮಂಗಳವಾರ ತುರುವೇಕೆರೆಯಿಂದ ಹೊಸ ದೂರು. ಮುಚ್ಚಳ ಬಿಗಿ, ಎಣ್ಣೆ ಕಮ್ಮಿ, ಚೀಟಿ ಓರೆ! ನಡುನಡುವೆ ಹುಬ್ಬಳ್ಳಿ, ಮಂಡ್ಯ, ಸಾಗರದವರೂ ಬೈದರು. ಎಲ್ಲರಿಗೂ ಆ ಕೊನೆಯ ಪುಟದ ಸಿಟ್ಟು. ಅತ್ತೆ ಎಲ್ಲರ ಸಿಟ್ಟನ್ನೂ ಇಳಿಸಿ, ಊರು ಕೇಳಿ, ಮಕ್ಕಳೆಷ್ಟು ಎಂದು ವಿಚಾರಿಸಿಯೇ ಬಿಡುತ್ತಿದ್ದದ್ದು. ಒಂದು ಸಾಯಂಕಾಲ ಗಂಡ ರೇಗುತ್ತಲೇ ಮನೆಗೆ ಬಂದರು.

“ಅವ್ವಾ, ಒಂದು ಗಂಟೆಯಿಂದ ಫೋನ್ ಎಂಗೇಜು! ಎಂಥ ಮಾಡ್ತಿದ್ದೆ?”

“ಆಫೀಸ್ ಟೈಮ್ ಮಗಾ,” ಎಂದರು ಅತ್ತೆ.

ಆಫೀಸಂತೂ ಜೋರಾಗಿ ನಡೆಯುತ್ತಿತ್ತು, ವ್ಯಾಪಾರ ಮಾತ್ರ ಕುಂಟುತ್ತಿತ್ತು. ಬಿ.ಪಿ. ಇದೆ ಎಂದ ಹುಬ್ಬಳ್ಳಿಯವರಿಗೆ ಅತ್ತೆ, “ಉಪ್ಪು ನಿಮ್ಗೆ ವಿಷ. ಬಾಟ್ಲಿ ವಾಪಸು ಕಳ್ಸಿ, ಇಲ್ಲದಿದ್ರೆ ನಿಮ್ಮ ಹೆಂಡತಿ ಹತ್ರ ಮಾತಾಡ್ತೇನೆ,” ಎಂದು ಗದರಿಸಿದರು. ಬಾಟಲಿ ವಾಪಸು ಬಂತು. ಹಾಗೆಯೇ ಇನ್ನೆರಡು ಬಂದವು. ಬೆನ್ನಿಗೆ ಮಾರುಕಟ್ಟೆಯವರ ಎಚ್ಚರಿಕೆಯೂ ಬಂತು: ದೂರು, ವಾಪಸಾತಿಗಳು ಹೀಗೇ ಮುಂದುವರಿದರೆ ನಿಮ್ಮ ಅಂಗಡಿಯನ್ನು ಮುಚ್ಚಲಾಗುವುದು.

ಒಂದು ಅಂಗಡಿ ಹೋದದ್ದನ್ನು ಅತ್ತೆ ಹೇಗೋ ತಡೆದುಕೊಂಡಿದ್ದರು. ಎರಡನೆಯದನ್ನೂ ಕಳೆದುಕೊಂಡು ಅವರು ಜಗುಲಿಗೆ ಹೋಗುವುದನ್ನು ನಾನು ನೋಡುವುದೇ? ಸಾಧ್ಯವೇ ಇಲ್ಲ! ಅಂದೇ ಮಧ್ಯಾಹ್ನ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡೆ.

“ಅತ್ತೆ, ಆ ಹಳೇ ಅಂಗಡೀಲಿ ಸಾಮಾನಿನ ಕುಂದೆಲ್ಲ ಮೊದಲೇ ಹೇಳ್ತಿದ್ರಲ್ಲ, ಹಾಗೇ ಹೇಳಿ. ನಾನು ಬರೀತೇನೆ.”

ಅತ್ತೆ ಹೇಳಿದರು. ನಾನು ಅದನ್ನು ಒಂದಕ್ಷರ ಬಿಡದೆ ಮೊದಲ ಪುಟದ ನೆತ್ತಿಯ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿದೆ. “ಉಪ್ಪಿನಕಾಯಿಗೆ ಇನ್ನೂರ ನಲವತ್ತು. ನಿಮ್ಮ ಮನೆ ಬಾಗಿಲಿಗೆ ಬರುವಾಗ ಮುನ್ನೂರ ಐವತ್ತೆಂಟು ಆಗ್ತದೆ. ಮೇಲಿನದ್ದು ದಾರಿಯಲ್ಲಿ ಸಿಕ್ಕಿದವರದ್ದು, ನನ್ನದಲ್ಲ. ಗೊರಟೆ ಜಾಸ್ತಿ, ಚೀಪಿ ತಿನ್ನಿ. ಈ ಸಲದ ಭರಣಿ ಸ್ವಲ್ಪ ಉಪ್ಪು ಮುಂದು, ಗಂಜಿಗೆ ಲಾಯಕ್ಕು. ಬಿ.ಪಿ. ಇದ್ದವರಿಗೆ ಬೇಡ. ಅವಸರದವರಿಗೂ ಬೇಡ. ಇಷ್ಟಕ್ಕೆ ಒಪ್ಪಿಗೆ ಇದ್ರೆ ಮಾತ್ರ ತಗೊಳ್ಳಿ. — ಗಂಗಮ್ಮ.”

“ಇದನ್ನ ಓದಿ ಯಾರು ಕೊಳ್ತಾರೆ?” ಎಂದು ಗಂಡ ನಕ್ಕರು.

ಕೊಂಡರು! ಮುಗಿಬಿದ್ದು ಕೊಂಡರು! ತಿಂಗಳಲ್ಲಿ ಆರ್ಡರ್ ಮೂರು ಪಟ್ಟಾಯಿತು. ಎಲ್ಲಿ ನೋಡಿದರೂ ಐದೈದು ನಕ್ಷತ್ರ. ‘ಹೇಳಿದಂತೆಯೇ ಇದೆ’ ಎಂಬುದೇ ಎಲ್ಲರ ಮಾತು. ದೂರು ಸೊನ್ನೆ! “ವಿಜಯ!” ಎಂದು ಡೈರಿಯಲ್ಲಿ ಮೂರು ಗೀಟು ಎಳೆದೆ.

ಆ ಗೆಲುವಿನ ಗದ್ದಲದಲ್ಲಿ ನಾನು ಗಮನಿಸದಿದ್ದದ್ದು ಒಂದೇ. ಅತ್ತೆಯ ಫೋನ್ ಸುಮ್ಮನಾಗಿತ್ತು. ಅವರು ದಿನಾ ಅದಕ್ಕೆ ಚಾರ್ಜು ಹಾಕುವರು, ಸೆರಗಿನಲ್ಲಿ ಒರೆಸುವರು. ಒಮ್ಮೆ ಮಗನನ್ನು ಕರೆದು, “ಆ ಕೋಣೆಗೆ ಹೋಗಿ ಇದಕ್ಕೊಂದು ಫೋನ್ ಮಾಡು, ಹಾಳಾಗಿದೆಯೋ ಎಂಥದೋ,” ಎಂದರು. ಗಂಡ ಮಾಡಿದರು. ಅದು ಚೆನ್ನಾಗಿಯೇ ಹೊಡೆದುಕೊಂಡಿತು. ಅತ್ತೆ ಎದ್ದು ಒಳಗೆ ಹೋದರು.

ಇಷ್ಟಾದರೂ ನನಗೆ ತಿಳಿಯಲಿಲ್ಲ. ಐದು ವರ್ಷದ ಹುಡುಗಿಗೆ ತಿಳಿಯಿತು! ರೊಟ್ಟಿ ಕಾವಲಿಯ ಮೇಲೆ ಬಿಟ್ಟು ಜಗುಲಿಗೆ ಹೋದೆ.

“ಅತ್ತೆ, ಸುಮಿತ್ರಮ್ಮನವರಿಗೆ ನೀವೇ ಒಂದು ಫೋನ್ ಮಾಡಬಾರದಾ?”

“ಅದು ಹೇಗೆ? ಅಂಗಡಿಯವಳು ಗಿರಾಕಿ ಮನೆ ಬಾಗಿಲು ತಟ್ಟೋದುಂಟಾ? ಅವರೇ ಬರ್ಬೇಕು. ಅವರಿಗಾದ್ರೂ ಸುಮ್ನೆ ಹೇಗೆ ಮಾಡೋದು, ಒಂದು ಕಾರಣ ಬೇಡವಾ?” ಎಂದರು. ಆಮೇಲೆ ಮೆಲ್ಲಗೆ, “ನೀನು ಬರೆದದ್ದು ಸರಿಯೇ ಮಗಾ. ಎಲ್ಲ ಮೊದಲೇ ಹೇಳಿ ಆದ ಮೇಲೆ ಯಾರಿಗೂ ಎಂಥದೂ ಕೇಳೋಕೆ ಉಳಿದಿಲ್ಲೆ, ಅಷ್ಟೆ.”

ಅವರಿಗೆ ಗಿರಾಕಿಗಳನ್ನು ತಂದುಕೊಟ್ಟೆ ಎಂದು ಬೀಗಿದವಳು ನಾನು. ಮನೆಯಿಂದ ಹೋಗುತ್ತಿದ್ದದ್ದು ಬರೀ ಬಾಟಲಿಗಳು!

ಮಧ್ಯಾಹ್ನ ಮೊಬೈಲ್ ನೋಡಿದರೆ ತುರುವೇಕೆರೆಯ ಆರ್ಡರ್ ಬಂದಿತ್ತು, ಮೂರು ಬಾಟಲಿ. ಪೆಟ್ಟಿಗೆಗೆ ಹುಲ್ಲು ಹಾಸಿ ಜೋಡಿಸುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ನಿಂತರು. ಬೆಲ್ಲ ಉಪ್ಪಾಗಿದೆಯೆಂದು ಹಬ್ಬದ ದಿನವೇ ಗಿರಾಕಿಯನ್ನು ವಾಪಸು ಕಳಿಸಿದ್ದ ಹೆಂಗಸು, ಕಳ್ಳಿಯ ಹಾಗೆ ಒಮ್ಮೆ ಬಾಗಿಲ ಕಡೆ ನೋಡಿದರು.

“ಮಗಾ, ಒಂದು ಉಪಕಾರ ಮಾಡ್ತೀಯಾ?”

“ಎಂಥ ಅತ್ತೆ?”

“ಅದ್ರಲ್ಲಿ ಎರಡೇ ಹಾಕು. ಮೂರನೆಯದ್ದು ಅವರು ಬೈದು ಮುಗಿಸಿದ ಮೇಲೆ ಕಳ್ಸುವ.”