ನಮ್ಮವರು ತಮ್ಮ ಚಿತ್ರದ ತಪ್ಪು ಹೇಳಿದ್ದು

ಚಿತ್ರ ಬರೆಯುವವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಸ್ವಲ್ಪ ಹೆಚ್ಚೇ ನಡೆದವು. ಆಗ ನಿಜಾಮರ ಆಳ್ವಿಕೆ. ಉಮರ್ಗಾದಲ್ಲಿ ಹೊಲಮನೆ ಇದ್ದ ಲಿಂಗವಂತರ ಮನೆತನ ನಮ್ಮದು. ಅಂಥ ಮನೆಯಲ್ಲಿ ಹುಟ್ಟಿಯೂ ನನ್ನ ಗಂಡ ಕುಂಚ ಹಿಡಿದಿದ್ದರು. ನಾನು ಹೈದರಾಬಾದಿನಲ್ಲಿ ಕಾಲೇಜು ಓದಿ ಬಂದವಳು. ಉಮರ್ಗಾದಿಂದ ಉದಗೀರದ ತನಕ ಅಂಥ ಸೊಸೆ ಇನ್ನೊಬ್ಬಳಿಲ್ಲ ಎಂದು ಮಾವನವರು ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ಅಲ್ಲವೆನ್ನುತ್ತಿರಲಿಲ್ಲ. ನಮ್ಮವರ ಪ್ರತಿಯೊಂದು ಚಿತ್ರ ಯಾವ ಊರಿಗೆ, ಯಾರ ಮನೆಗೆ ಹೋಯಿತೆಂದು ಬರೆದಿಟ್ಟವಳೂ ನಾನೇ.

ಈಗ ಇವರಿಲ್ಲ. ಇದ್ದಾಗ ಇವರ ಕೈ ಬಹಳ ಚೆನ್ನಾಗಿತ್ತು, ತೊಂದರೆಯೆಲ್ಲ ಬಾಯಿಯದು. ಚಿತ್ರ ಕೊಡುವಾಗ ಅದರಲ್ಲಿ ಎಲ್ಲಿ ತಪ್ಪಾಗಿದೆಯೆಂದು ತಾವೇ ತೋರಿಸಿಬಿಡುತ್ತಿದ್ದರು.

"ಏನ್ರೀ, ನಿಮ್ಮ ಕೆಲಸದ ಬಗ್ಗೆ ನಾಲ್ಕು ಚೊಲೊ ಮಾತು ಹೇಳ್ರಿ. ಆಗದಿದ್ರ ಸುಮ್ಮನಾರ ಇರ್ರಿ," ಎನ್ನುತ್ತಿದ್ದೆ.

"ಚೊಲೊ ಇದ್ದದ್ದು ಅವರಿಗೇ ಕಾಣಸ್ತದ. ತಪ್ಪು ಕಾಣಸಂಗಿಲ್ಲ. ಅದಕ್ಕ ಹೇಳಬೇಕಾಗ್ತದ," ಎನ್ನುತ್ತಿದ್ದರು.

ಸಾವಕಾರರ ಮೂಗು

ನಿಲಂಗಾದ ಒಬ್ಬ ಕಾಳಿನ ಸಾವಕಾರರಿಗೆ ತೀರಿಹೋದ ತಂದೆಯ ಚಿತ್ರ ಬೇಕಿತ್ತು. ಫೋಟೋ ಇರಲಿಲ್ಲ. ಮನೆಮಂದಿಯನ್ನು ಕೂಡಿಸಿ ಕೇಳಿದರೆ ಒಬ್ಬರು ಹೇಳಿದ ಮುಖ ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ. ಇವರು ಹೇಗೋ ಬರೆದು, ರುಮಾಲು ಸುತ್ತಿ, ಹಣೆಗೆ ವಿಭೂತಿ ಎಳೆದು ಮುಗಿಸಿದರು. ಸಾವಕಾರರು ನೋಡಿದವರೇ ಕಣ್ಣೊರೆಸಿಕೊಂಡರು. "ನಮ್ಮಪ್ಪನೇ ಎದ್ದು ಕೂತಾನ್ರೀ." ಚಿತ್ರ ದೇವರ ಜಗುಲಿಯ ಪಕ್ಕಕ್ಕೆ ಹೋಯಿತು, ದಿನವೂ ಪೂಜೆ ನಡೆಯಿತು.

ಕೆಲವು ದಿನಗಳ ಮೇಲೆ ನಮ್ಮನ್ನು ಹೋಳಿಗೆ ಊಟಕ್ಕೆ ಕರೆದರು. ತುಪ್ಪ ಬಡಿಸುವಾಗ ಇವರು ಬಾಯಿಬಿಟ್ಟರು: "ಸಾವಕಾರ್ರ, ಆ ಮೂಗು ಮಾತ್ರ ಅವರದಲ್ಲ. ಯಾರಿಗೂ ನೆನಪಿರಲಿಲ್ಲ. ನಿಮ್ಮದೇ ಇಟ್ಟೀನಿ."

ಸಾವಕಾರರು ಮೂಗು ಮುಟ್ಟಿ ನೋಡಿಕೊಂಡರು. "ಹಾಂಗಾದ್ರ ಇಷ್ಟು ದಿನ ನಾ ಕೈ ಮುಗದದ್ದು ನನಗೇನು?"

ಒಳಗಿನಿಂದ ಅವರ ಹೆಂಡತಿ ಹೇಳಿದರು: "ಲಗ್ನ ಆದಾಗಿಂದ ನಾ ಅದೇ ಮೂಗಿಗೆ ಕೈ ಮುಗೀಲಿಕತ್ತೀನಿ. ಇನ್ನೂ ಏನೂ ಕೊಟ್ಟಿಲ್ಲ."

ಗುಂಜೋಟಿಯ ಕಂಬ

ಗುಂಜೋಟಿಯ ರೈತರು ಒಂದು ನಾಟಕ ಹಚ್ಚಿದ್ದರು. ಅರಮನೆಯ ಪರದೆ ಇವರು ಬರೆದದ್ದು. ಆಟಕ್ಕೆ ಮೊದಲು ಇವರು ರಾಜನ ಪಾತ್ರದವನ ಕಿವಿಯಲ್ಲಿ, "ಕಾಕಾ, ಎಡಗಡಿ ಮೂರನೇ ಕಂಬ ಸ್ವಲ್ಪ ವಾಲ್ಯಾದ," ಎಂದರು.

ರಾಜ ಬಹಳ ಒಳ್ಳೆಯವ. ಆ ಕಂಬಕ್ಕೆ ಬೆನ್ನುಕೊಟ್ಟು ನಿಂತವ ಕದಲಲಿಲ್ಲ. ರಾಣಿ ಸಿಂಹಾಸನಕ್ಕೆ ಕರೆದರೆ ಅಲ್ಲಿಂದಲೇ ಉತ್ತರ ಕೊಟ್ಟ. ಯುದ್ಧದಲ್ಲಿ ವೈರಿಯೇ ಕಂಬದ ತನಕ ನಡೆದು ಬಂದು ಸಾಯಬೇಕಾಯಿತು.

ಆಗ ನಮ್ಮ ಒಬ್ಬಳೇ ಮಗಳಿಗೆ ಐದು ವರ್ಷ. ಒಂದು ಕಡೆ ಕೂರುವ ಹುಡುಗಿಯಲ್ಲ. ನನ್ನ ಕೈ ಕೊಸರಿಕೊಂಡು ಹೋಗಿ ರಂಗ ಹತ್ತಿ ರಾಜನ ಧೋತರ ಜಗ್ಗಿದಳು: "ಮುತ್ಯಾ, ಬಾಜೂಕ ಸರಿ. ನಮ್ಮಪ್ಪನ ಕಂಬ ಕಾಣಸವಲ್ದು."

ರಾಜ ಸೋತು ಪಕ್ಕಕ್ಕೆ ಸರಿದ. "ಮಾಸ್ತರ," ಎಂದ ಇವರತ್ತ ನೋಡಿ, "ನಾ ರಾಜ್ಯ ಬಿಟ್ಟು ನಿಮ್ಮ ಕಂಬ ಕಾದೀನಿ. ಇನ್ನ ನೀವುಂಟು, ನಿಮ್ಮ ಮಗಳುಂಟು."

ಉದಗೀರದ ಭಾಷಣ

ಉದಗೀರದಲ್ಲಿ ಒಂದು ಪ್ರದರ್ಶನ. ದೊಡ್ಡ ಸಾಹೇಬರು ಬರುವವರಿದ್ದರು. ಅವರಿಗೆ ಮೆಚ್ಚಿಗೆಯಾದ ಚಿತ್ರಗಾರನಿಗೆ ಹೈದರಾಬಾದಿನಲ್ಲಿ ಕಾಯಂ ಕೆಲಸ ಸಿಗುವ ಮಾತಿತ್ತು. ಪ್ರತಿಯೊಬ್ಬರೂ ತಮ್ಮ ಕೆಲಸದ ಬಗ್ಗೆ ಸ್ವಲ್ಪ ಮಾತಾಡಬೇಕು. ಇವರದು ಜೋಡೆತ್ತಿನ ಚಿತ್ರ. ನಾನೇ ಉರ್ದುವಿನಲ್ಲಿ ಭಾಷಣ ಬರೆದು ಬಾಯಿಪಾಠ ಮಾಡಿಸಿದೆ. ನೆಲ, ದುಡಿಮೆ, ಮೂಕಪ್ರಾಣಿಯ ಕಣ್ಣಿನ ಕರುಣೆ, ಒಂದನ್ನೂ ಬಿಟ್ಟಿರಲಿಲ್ಲ.

ಇವರು ಒಂದಕ್ಷರ ತಪ್ಪದೆ ಒಪ್ಪಿಸಿದರು. ಸಾಹೇಬರು "ವಾಹ್" ಎಂದರು. ನನಗೆ ಹೈದರಾಬಾದಿನ ಮನೆಯೇ ಕಣ್ಣಿಗೆ ಕಟ್ಟಿತು. ಇವರು ಮಾತ್ರ ಕೂರಲಿಲ್ಲ.

"ಇಷ್ಟು ನಮ್ಮ ಮನೆಯವಳು ಬರೆದದ್ದು, ಹುಜೂರ್. ನನ್ನದು ಒಂದೇ ಮಾತು. ಬಲಗಡೆಯ ಎತ್ತಿನ ಹಿಂಗಾಲು ಸರಿ ಬಂದಿಲ್ಲ. ನಡೆದರೆ ಬೀಳುತ್ತದೆ."

ಸಾಹೇಬರು ನಕ್ಕು ನಕ್ಕು ಕನ್ನಡಕ ತೆಗೆದರು. ಕೆಲಸ ಬೇರೆಯವರಿಗೆ ಹೋಯಿತು. ಒಂದು ಪದಕ ಮಾತ್ರ ಬಂತು, ಅದೂ ಭಾಷಣಕ್ಕೆ, ನನ್ನ ಹೆಸರಿಗೆ. ನಾನು ಎಷ್ಟೋ ದಿನ ಇವರ ಸಂಗಡ ಮಾತಾಡಲಿಲ್ಲ. ಇವರೋ ಆ ಪದಕವನ್ನು ಯೆಣೆಗೂರಿನ ನೆಂಟರಿಗೂ ಒಯ್ದು ತೋರಿಸಿ ಬಂದರು. ಅದರಲ್ಲಿ ಇವರಿಗೆ ಒಂದು ತಪ್ಪೂ ಕಾಣಲಿಲ್ಲ.

ನಮ್ಮ ಹುಡುಗಿ

ಮಗಳ ಚಿತ್ರ ಬರೆಯಲು ಇವರು ಎಷ್ಟೋ ಸಲ ಕೂತರು. ಹಣೆ, ಕಣ್ಣು ಮುಗಿದು ಮೂಗಿಗೆ ಬರುವಷ್ಟರಲ್ಲಿ ಅವಳು ಅಂಗಳ ದಾಟಿರುತ್ತಿದ್ದಳು. "ನಾಳೆ ಕೂಡತೀನಿ ಅಪ್ಪಾ," ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಮನೆಯಲ್ಲಿ ಮೂಗಿನ ತನಕದ ಹುಡುಗಿಯರ ಹಾಳೆಗಳು ರಾಶಿ ಬಿದ್ದಿದ್ದವು.

ಏಳನೆಯ ವರ್ಷದಲ್ಲಿ ಜ್ವರ ಬಂತು. ಅವಳು ಹೋದಳು.

ಇವರು ಆ ಹಾಳೆಗಳನ್ನು ಹರಡಿಕೊಂಡು ಒಂದು ಚಿತ್ರ ಮುಗಿಸಿದರು. ಹುಡುಗಿ ಮಣೆಯ ಮೇಲೆ, ಕೈ ತೊಡೆಯ ಮೇಲಿಟ್ಟು ಕೂತಿದ್ದಾಳೆ. ಸಮಾಧಾನ ಹೇಳಲು ನಿಲಂಗಾದ ಸಾವಕಾರರು ಬಂದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಎಷ್ಟು ಶಾಂತ ಕೂತದರೀ ಕೂಸು," ಎಂದರು.

ಇವರು ನನ್ನ ಮುಖ ನೋಡಿದರು. ಜೀವಮಾನದಲ್ಲಿ ಮೊದಲ ಸಲ ಕೇಳಿದರು: "ಹೇಳಲೇನು?"

"ಹೇಳ್ರಿ," ಎಂದೆ.

"ಅದೇ ತಪ್ಪಾಗ್ಯಾದ್ರೀ, ಸಾವಕಾರ್ರ. ಆಕಿ ಹಿಂಗ ಕೂಡಾಕಿ ಅಲ್ಲ."

ಸಾವಕಾರರು ಮೆಲ್ಲಗೆ ಕೇಳಿದರು: "ಮೂಗು ಯಾರದ್ರೀ?"

"ಮೂಗಿನಿಂದ ಕೆಳಗ ಎಲ್ಲಾ ನಮ್ಮ ಮನಿಯಾಕಿದು. ಮಣಿ ಮ್ಯಾಲ ಕೂತದ್ದೂ ಈಕೀನೇ."

ಸಾವಕಾರರು ನನ್ನನ್ನೂ ಚಿತ್ರವನ್ನೂ ನೋಡಿದರು. "ಅದಕ್ಕೇ ಬಾಯಿ ಅಷ್ಟು ಬಿಗಿ ಅದ," ಎಂದರು. ಅವಳು ಹೋದಮೇಲೆ ನಾವಿಬ್ಬರೂ ಮೊದಲು ನಕ್ಕದ್ದು ಅವತ್ತೇ.

ಈಗ ಚಿತ್ರ ನೋಡಲು ಬಂದವರಿಗೆ ನಾನೇ ಹೇಳಬೇಕು. ಮನೆಯಲ್ಲುಳಿದ ಎಲ್ಲ ಚಿತ್ರಗಳ ಕೆಳಗೂ ಒಳ್ಳೆಯ ಮಾತು ಬರೆದು ಅಂಟಿಸಿದ್ದೇನೆ. ಇದೊಂದರ ಕೆಳಗೆ ಏನೂ ಬರೆದಿಲ್ಲ. ಬಂದವರು ಇದರ ಮುಂದೆ ನಿಂತು, "ಎಂಥಾ ಶಾಂತ ಹುಡುಗಿರೀ," ಎನ್ನುತ್ತಾರೆ.

"ಅಲ್ರೀ," ಎನ್ನುತ್ತೇನೆ. "ಅಲ್ಲಿ ಕೂತದ್ದು ನಾನು. ಆಕಿ ಎದ್ದು ಓಡ್ಯಾಳ."