ರೆಕ್ಸಿನ್ ಚೀಲದ ಹುಡುಗಿ

ನನ್ನ ಸೋದರಮಾವ ಯಾರ ಮನೆಯ ಅಂಗಳಕ್ಕೆ ಕಾಲಿಟ್ಟರೂ ಆ ಮನೆಯ ಹಿರಿಯರ ಎದೆ ಧಸಕ್ಕೆನ್ನುತ್ತಿತ್ತು! ಹಾಗೆಂದು ನೀವು ಅವರನ್ನು ಪೊಲೀಸರೋ ಕೋರ್ಟಿನ ಅಮೀನರೋ ಎಂದುಕೊಳ್ಳಬೇಡಿ. ಮಣಿಪಾಲದ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದ, ಇರುವೆ ಕಚ್ಚಿದರೆ ಇರುವೆಗೇ "ಪಾಪ" ಎನ್ನುವಷ್ಟು ಸಾಧು ಮನುಷ್ಯ. ತೊಂದರೆ ಏನೆಂದರೆ, ಉಡುಪಿ, ಕಾಪು, ಕಾರ್ಕಳದಲ್ಲಿ ಹರಡಿಕೊಂಡಿದ್ದ ನಮ್ಮ ಬಳಗದಲ್ಲಿ ಯಾರಾದರೂ ವಯಸ್ಸಾದವರಿಗೆ ಉಷಾರಿಲ್ಲ ಎಂಬ ಸುದ್ದಿ ಸಿಕ್ಕಿದರೆ ಸಾಕು, ಡಾಕ್ಟರಿಗಿಂತ ಮೊದಲು ಅಲ್ಲಿ ಹಾಜರಾಗುತ್ತಿದ್ದವರು ಮಾವ. ಕೈಯಲ್ಲಿ ಹಣ್ಣಿಲ್ಲ, ಹಂಪಲಿಲ್ಲ. ಕಂಕುಳಲ್ಲಿ ಒಂದು ಕಪ್ಪು ರೆಕ್ಸಿನ್ ಚೀಲ. "ಹೇಗಿದ್ದೀರಿ?" ಎಂದು ಕೇಳಿದ ಉಸಿರಿನಲ್ಲೇ ಅದರಿಂದ ಒಂದು ಹಳೆಯ ಫೋಟೋ ತೆಗೆದು, ಮಲಗಿದವರ ಮೂಗಿನ ಕೆಳಗೆ ಹಿಡಿದು, "ಇದರಲ್ಲಿ ಈ ಹುಡುಗಿ ಯಾರು, ಹೇಳಿ ನೋಡುವಾ" ಎನ್ನುತ್ತಿದ್ದರು.

"ಹೇಳುವವರು ಹೋದ ಮೇಲೆ ಯಾರನ್ನು ಕೇಳುವುದು ಮಾರಾಯ್ತಿ? ಫೋಟೋವನ್ನು ಹೇಗಾದರೂ ಉಳಿಸಬಹುದು. ಹೆಸರು ಹೇಳುವ ಬಾಯಿಯನ್ನು ಉಳಿಸಲಿಕ್ಕೆ ಆಗ್ತದಾ?" ಎಂದು ನನ್ನ ಹತ್ತಿರ ಹೇಳುತ್ತಿದ್ದರು. ಮಾತು ನೂರಕ್ಕೆ ನೂರು ಸರಿ. ಆದರೆ ಅದನ್ನು ಮಂಚದ ಮೇಲೆ ಮಲಗಿದವರ ಎದುರಿಗೇ ಹೇಳಬೇಕೇ? ನನ್ನ ಅಜ್ಜಿಯ ತವರಿನ ಕಡೆಯ, ಅಲೆವೂರಿನ ದೊಡ್ಡಜ್ಜ ಒಮ್ಮೆ ಶೀತವಾಗಿ ಕಂಬಳಿ ಹೊದ್ದು ಮಲಗಿದ್ದರು. ಗದ್ದೆಯ ಬದುವಿನ ಮೇಲೆ ಕಪ್ಪು ಚೀಲ ಬರುತ್ತಿರುವುದನ್ನು ಕಿಟಕಿಯಿಂದ ಕಂಡದ್ದೇ ತಡ, ಕಂಬಳಿ ಒದ್ದು ಎದ್ದು, ಅಂಗಳಕ್ಕಿಳಿದು ತೆಂಗಿನಕಾಯಿ ಸುಲಿಯಲು ಶುರುಮಾಡಿದರಂತೆ!

"ನನಗೆ ಎಂತದೂ ಆಗ್ಲಿಲ್ಲ ಮಾರಾಯ, ಬರೀ ಶೀತ! ನೀನು ಮುಂದಿನ ವರ್ಷ ಬಾ."

"ಅಡ್ಡಿಲ್ಲ. ಹೇಗೂ ಬಂದೆನಲ್ಲ, ಒಮ್ಮೆ ನೋಡಿಬಿಡಿ" ಎಂದು ಮಾವ ಸುಲಿದ ಕಾಯಿಗಳನ್ನು ಆಚೆ ಸರಿಸಿ ಅಲ್ಲೇ ಕುಳಿತರಂತೆ. ದೊಡ್ಡಜ್ಜನ ಶೀತ ಅಂದೇ ವಾಸಿಯಾಯಿತು. ಹುಡುಗಿ ಯಾರೆಂದು ಮಾತ್ರ ಅವರಿಗೂ ಗೊತ್ತಿರಲಿಲ್ಲ.

ಆ ಫೋಟೋದ ವಿಷಯ ಹೇಳಬೇಕು. ಇಪ್ಪತ್ತನೆಯ ಶತಮಾನ ಇನ್ನೂ ಎಳೆಯದಿದ್ದ ಕಾಲದಲ್ಲಿ, ಮಂಗಳೂರಿನಿಂದ ಯಾರನ್ನೋ ಕರೆಸಿ ತೆಗೆಸಿದ್ದು. ಹಿಂದೆ ಒಂದು ಬಟ್ಟೆಯ ಪರದೆ, ಪರದೆಯ ಮೇಲೆ ನಮ್ಮ ವಂಶದಲ್ಲಿ ಯಾರೂ ಹತ್ತಿ ಇಳಿಯದ ಯಾವುದೋ ಅರಮನೆಯ ಮೆಟ್ಟಿಲು. ನಡುವೆ ಮುಂಡಾಸು ಸುತ್ತಿದ ಮುತ್ತಜ್ಜ, ಮೂಗುಬೊಟ್ಟಿನ ಮುತ್ತಜ್ಜಿ, ಸುತ್ತ ಉಳಿದವರು. ಎಲ್ಲರೂ ಈಗಷ್ಟೇ ಕಹಿ ಕಷಾಯ ಕುಡಿದವರ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಮಾವನ ಅಪ್ಪ, ಎಂದರೆ ನನ್ನ ಅಜ್ಜ, ಅದರಲ್ಲಿ ಜುಟ್ಟಿನ ಪೋರ. ಅವರ ಪಕ್ಕದಲ್ಲಿ, ಸಾಲಿನ ತುದಿಗೆ, ದೊಗಲೆ ರವಿಕೆ ತೊಟ್ಟ ಏಳೆಂಟು ವರ್ಷದ ಒಬ್ಬ ಹುಡುಗಿ. ಇಡೀ ಫೋಟೋದಲ್ಲಿ ನಗು ತಡೆಯಲಾರದೆ ತುಟಿ ಕಚ್ಚಿಕೊಂಡವಳು ಅವಳೊಬ್ಬಳೇ. ಮಾವ ಉಳಿದವರ ಹೆಸರನ್ನೆಲ್ಲ ಪತ್ತೆಮಾಡಿ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದರು. ಅವಳ ಜಾಗ ಖಾಲಿ. ಅಜ್ಜನನ್ನು ಕೇಳೋಣವೆಂದರೆ ಅವರು ಮಾವ ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರು. ಬಳಗದಲ್ಲಿ ಒಬ್ಬರು ನೆರೆಮನೆಯ ಹುಡುಗಿ ಎಂದರು. ಇನ್ನೊಬ್ಬರು, ಫೋಟೋದವನು ಖಾಲಿ ಜಾಗ ತುಂಬಿಸಲು ನಿಲ್ಲಿಸಿದವಳು ಎಂದರು! "ಇಷ್ಟು ಚೆಂದ ನಗುವವಳಿಗೆ ಒಂದು ಹೆಸರಿಲ್ಲವಾ?" ಎಂದು ಮಾವ ಊಟದ ನಡುವೆ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು, ಆದರೆ ಅವರಿಗೆ ಅದು ನಿಜವಾಗಿಯೂ ನೋವಿನ ವಿಷಯವಾಗಿತ್ತು.

ಈ ಹುಚ್ಚು ಹತ್ತಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಉಡುಪಿಯಲ್ಲಿದ್ದ ನಮ್ಮ ಹಿರಿಯರ ಹಳೆಯ ಮನೆಯ ಹೆಂಚು ತೆಗೆಸುವಾಗ. ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಯಿತು. ತುಂಬ ಕಾಗದ, ಫೋಟೋ. ಮನೆಯವರು ಹಿಂದೆಮುಂದೆ ನೋಡದೆ ಅದನ್ನೆಲ್ಲ ಬಚ್ಚಲೊಲೆಗೆ ಹಾಕಲು ಶುರುಮಾಡಿದ್ದರು. ನೀರು ಚೆನ್ನಾಗಿಯೇ ಕಾದಿತ್ತಂತೆ! ಸ್ನಾನಕ್ಕೆಂದು ಬೈರಾಸು ಉಟ್ಟು ಬಂದ ಮಾವ ಒಲೆಗೆ ಕೈಹಾಕಿ, ಅಂಚು ಸುಟ್ಟ ಕಾಗದಗಳನ್ನೂ ಫೋಟೋಗಳನ್ನೂ ಹೊರಗೆಳೆದು, ಸ್ನಾನವನ್ನೇ ಮರೆತು ಹೊರಟುಬಂದರು. ಅಂದಿನಿಂದ ಅವರ ಮನೆಯಲ್ಲಿ ಮನುಷ್ಯರಿಗಿಂತ ಕಾಗದಕ್ಕೆ ಮರ್ಯಾದೆ ಹೆಚ್ಚಾಯಿತು. ಮಳೆಗಾಲ ಮುಗಿದು ನಾಲ್ಕು ಬಿಸಿಲು ಬಿದ್ದರೆ ಅಂಗಳದಲ್ಲಿ ಅತ್ತೆಯ ಸಂಡಿಗೆಯ ಚಾಪೆ, ಅದರ ಪಕ್ಕದ ನೆರಳಿನಲ್ಲಿ ಮಾವನ ಕಾಗದದ ಚಾಪೆ. ಎರಡಕ್ಕೂ ಮಾವನೇ ಕೋಲು ಹಿಡಿದು ಕಾವಲು. ಆದರೆ ಕಾಗೆ ಬಂದು ಸಂಡಿಗೆ ಎತ್ತಿಕೊಂಡು ಹೋದರೂ ಅವರು ಕೂತಲ್ಲಿಂದ ಅಲ್ಲಾಡುತ್ತಿರಲಿಲ್ಲ. ಅತ್ತೆ ಬೈದರೆ, "ಕಾಗದಕ್ಕೆ ಬರ್ಲಿಲ್ಲವಲ್ಲ!" ಎನ್ನುತ್ತಿದ್ದರು.

ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ, ಗೋಡೆಗೇ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಗಾಳಿಯಾಡದ ಡಬ್ಬಿ ಇದ್ದದ್ದು ಒಂದೇ, ಅತ್ತೆಯ ಹಪ್ಪಳದ ಡಬ್ಬಿ. ಒಂದು ದಿನ ನೆಂಟರು ಊಟಕ್ಕೆ ಕುಳಿತಿದ್ದಾರೆ, ಅಡುಗೆಮನೆಯಿಂದ ಅತ್ತೆಯ ದನಿ:

"ಇಲ್ಲಿ ಕೇಳಿ! ಎಣ್ಣೆ ಕಾದಿದೆ. ಹಪ್ಪಳದ ಡಬ್ಬಿಯಲ್ಲಿ ನಿಮ್ಮ ಅಜ್ಜ ಇದ್ದಾರೆ. ಕರಿಯಲಾ?"

"ಹಪ್ಪಳ ಅಲ್ಲೇ ಕಪಾಟಿನಲ್ಲಿ ಚೀಲದಲ್ಲಿ ಉಂಟು ನೋಡು."

"ಚೀಲದಲ್ಲಾ? ತೇವ ಎಳೆದು ಚರ್ಮದ ಹಾಗೆ ಆಗಿದೆಯಲ್ಲ ಇದು!"

"ಆಗ್ಲಿ, ಹಪ್ಪಳ ಮತ್ತೆ ಮಾಡಬಹುದು. ಅಜ್ಜನನ್ನು ಮತ್ತೆ ಮಾಡಲಿಕ್ಕೆ ಆಗ್ತದಾ?"

ನೆಂಟರು ಆ ದಿನ ಮೆತ್ತಗಿನ ಹಪ್ಪಳವನ್ನೇ ಹೊಗಳಿ ತಿಂದರು.

ಇನ್ನು ಆ ಕಾಗದಗಳೋ! ಬಂದ ಕಾಗದವನ್ನು ಓದಿ, ತೊಲೆಗೆ ತೂಗುಹಾಕಿದ ತಂತಿಗೆ ಚುಚ್ಚಿಡುವುದು ಆಗಿನ ಪದ್ಧತಿ. ಹಾಗಾಗಿ ಪ್ರತಿಯೊಂದು ಕಾಗದದ ನಟ್ಟನಡುವೆ ಒಂದು ತೂತು. ಮುಖ್ಯವಾದ ಮಾತು ಸರಿಯಾಗಿ ಆ ತೂತಿನಲ್ಲೇ ಹೋಗಿರಬೇಕೇ? ಯಾರೋ ಒಬ್ಬ ದೊಡ್ಡಮ್ಮ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಒಂದರಲ್ಲಿತ್ತು. ಬಿದ್ದದ್ದು ಮಂಚದಿಂದಲೋ, ಮಾವಿನ ಮರದಿಂದಲೋ? ಮಾವ ಮರದ ಪಕ್ಷ, ಅತ್ತೆ ಮಂಚದ ಪಕ್ಷ. ಈ ಜಗಳ ವರ್ಷಗಟ್ಟಲೆ ನಡೆಯಿತು. ದೊಡ್ಡಮ್ಮನ ಕಾಲು ಅಷ್ಟರಲ್ಲಿ ಎಷ್ಟೋ ಸಲ ಕೂಡಿಕೊಂಡಿರಬಹುದು.

ಇನ್ನೊಂದು ವಿಚಿತ್ರವನ್ನು ಕಂಡುಹಿಡಿದವಳು ನಾನು. ಕಾಲೇಜಿನ ರಜೆಯಲ್ಲಿ ಕಾಗದಗಳನ್ನೆಲ್ಲ ಓದಿ ಮುಗಿಸಿ, "ಮಾವ, ನಮ್ಮ ವಂಶದಲ್ಲಿ ಯಾರೂ ಸಾಯಲೇ ಇಲ್ಲವಲ್ಲ!" ಎಂದೆ. ನಿಜ! ಹುಟ್ಟಿದವರಿದ್ದರು, ಮದುವೆಯಾದವರಿದ್ದರು, ಹಸು ಕರು ಹಾಕಿದ್ದಿತ್ತು, ಉಪ್ಪಿನಕಾಯಿ ಭರಣಿ ಒಡೆದದ್ದಿತ್ತು. ಸತ್ತವರು ಮಾತ್ರ ಒಬ್ಬರೂ ಇಲ್ಲ. ಮದರಾಸಿನ ಹೋಟೆಲಿಗೆ ಹೋದ ಚಿಕ್ಕಜ್ಜನಂತೂ ಕಾಗದಗಳ ಪ್ರಕಾರ ಇನ್ನೂ ಅಲ್ಲೇ ದೋಸೆ ಹುಯ್ಯುತ್ತ, ಊರಿನ ಮಾವಿನ ಮಿಡಿಗೆ ಕಾಯುತ್ತಿದ್ದಾರೆ! ಮಾವ ಮೊದಲು ನಕ್ಕರು, ಆಮೇಲೆ ಮುಖ ಸಣ್ಣದು ಮಾಡಿಕೊಂಡರು.

"ಸಾವಿನ ಕಾಗದ ಮನೆಯೊಳಗೆ ತರಲಿಕ್ಕಿಲ್ಲ ಮಾರಾಯ್ತಿ. ಓದಿದ ಕೂಡಲೇ ಅಂಗಳದಲ್ಲೇ ಹರಿದು ಬಿಸಾಡುವುದು ಕ್ರಮ. ಈ ಹುಡುಗಿಯ ಕಾಗದವೂ ಹಾಗೆಯೇ ಹೋಗಿರಬೇಕು."

ಅವಳು ಬದುಕಲಿಲ್ಲ ಎಂಬುದನ್ನು ಮಾವ ಆಗಲೇ ಊಹಿಸಿಬಿಟ್ಟಿದ್ದರು. ಅಂದಿನಿಂದ ಅವಳ ಚಿಂತೆ ನನಗೂ ಅಂಟಿಕೊಂಡಿತು.

ಮಾವ ಯಾರಿಗೂ ಫೋಟೋ ಕೊಡುತ್ತಿರಲಿಲ್ಲ. ಒಮ್ಮೆ ಒಂದು ಫೋಟೋ ಕೈತಪ್ಪಿ ಹೋಗಿ ಎಡವಟ್ಟಾಗಿತ್ತು. ಕಾಪುವಿನ ನೆಂಟರೊಬ್ಬರು ಮಾವ ಇಲ್ಲದ ಹೊತ್ತಿನಲ್ಲಿ ಬಂದು, "ಮುತ್ತಜ್ಜನದು ಒಂದು ಬೇಕು" ಎಂದು ಅತ್ತೆಯ ಹತ್ತಿರ ಗೋಗರೆದು ಒಂದು ಫೋಟೋ ಒಯ್ದರು. ಕೆಲವು ತಿಂಗಳು ಬಿಟ್ಟು ಮಾವ ಅದನ್ನು ಕೇಳಲು ಹೋದರೆ, ಜಗಲಿಯ ಗೋಡೆಯಲ್ಲಿ ಫೋಟೋಕ್ಕೆ ಚೌಕಟ್ಟು, ಚೌಕಟ್ಟಿಗೆ ಗಂಧದ ಹಾರ, ಗಾಜಿಗೆ ಕುಂಕುಮ, ಮುಂದೆ ದೀಪ! ಮನೆಯ ಮಕ್ಕಳು ಅದಕ್ಕೆ ಕೈಮುಗಿದೇ ಪರೀಕ್ಷೆಗೆ ಹೋಗುತ್ತಿದ್ದರಂತೆ. ಎಲ್ಲ ಸರಿ, ಆದರೆ ಫೋಟೋದಲ್ಲಿದ್ದವರು ಮುತ್ತಜ್ಜನಲ್ಲ. ಮುತ್ತಜ್ಜನ ಮೇಲೆ ಗದ್ದೆಯ ವ್ಯಾಜ್ಯ ಹೂಡಿ, ರಾಜಿಯಾದ ಮೇಲೆ ನೆನಪಿಗೆಂದು ಫೋಟೋ ಕೊಟ್ಟಿದ್ದ ನೆರೆಮನೆಯವರು!

"ಮತ್ತೆ ಹೇಳಲಿಲ್ಲವಾ ಮಾವ?" ಎಂದು ನಾನು ಕೇಳಿದೆ.

"ಹೇಗೆ ಹೇಳುವುದು ಮಾರಾಯ್ತಿ? ದೊಡ್ಡ ಮಗ ಪಾಸಾಗಿಬಿಟ್ಟಿದ್ದಾನೆ!"

ಆಮೇಲೆ ಮಾವ ಫೋಟೋಗಳನ್ನು ಕೈಬಿಟ್ಟದ್ದೇ ಇಲ್ಲ. ಹುಡುಗಿಯಿದ್ದ ಫೋಟೋದ ಇನ್ನೊಂದು ಪ್ರತಿ ತೆಗೆಸೋಣವೆಂದು ಉಡುಪಿಯ ಸ್ಟುಡಿಯೋಕ್ಕೆ ಹೋದರೆ, ಅವರು ಫೋಟೋವನ್ನು ಎರಡು ದಿನ ಇಲ್ಲೇ ಬಿಟ್ಟುಹೋಗಿ ಎಂದರು. "ಹಾಗಾದರೆ ನನಗೂ ಇಲ್ಲಿ ಒಂದು ಚಾಪೆ ಹಾಸಿ" ಎಂದರಂತೆ ಮಾವ! ಪ್ರತಿ ತೆಗೆಸುವ ಮಾತು ಅಲ್ಲಿಗೇ ನಿಂತಿತು. ಇದ್ದದ್ದು ಅದೊಂದೇ.

ಕೇಳಬೇಕಾದವರನ್ನೆಲ್ಲ ಕೇಳಿ ಮುಗಿಯಿತು. ಉಳಿದವರು ಒಬ್ಬರೇ, ಕಾರ್ಕಳದ ಅಜ್ಜಿ. ನನ್ನ ಅಜ್ಜನ ಅಕ್ಕ, ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ಕಾರ್ಕಳ ಸೇರಿದವರು. ಈಗ ಹಾಸಿಗೆ ಹಿಡಿದಿದ್ದರು. ಆದರೆ ಮಾವನ ಖ್ಯಾತಿ ಮಾವನಿಗಿಂತ ಮೊದಲೇ ಆ ಮನೆ ಮುಟ್ಟಿತ್ತು! ಎಷ್ಟು ಸಲ ಹೋದರೂ ಅಜ್ಜಿಯ ಮಗ ಜಗಲಿಯಲ್ಲೇ ತಡೆದು, "ಅಮ್ಮನಿಗೆ ಈಗ ಯಾರ ಗುರ್ತವೂ ಸಿಗುವುದಿಲ್ಲ, ನೀವು ಕಾಫಿ ಕುಡಿಯಿರಿ" ಎಂದು ಕಾಫಿ ಕುಡಿಸಿ ಬಸ್ಸು ಹತ್ತಿಸುತ್ತಿದ್ದರು. ಈ ಮನುಷ್ಯ ಒಳಗೆ ಹೋದರೆ ಅಮ್ಮ ಹೋಗಿಯೇಬಿಟ್ಟಾಳು ಎಂಬ ಹೆದರಿಕೆ. ಪಾಪ, ಅವರದ್ದೂ ತಪ್ಪಲ್ಲ. ಆದರೆ ಪ್ರತಿ ಸಲವೂ ಹಾಗೇ ಮರಳಿ ಬಂದ ಮಾವ ಫೋಟೋದ ಹಿಂದಿನ ಆ ಖಾಲಿ ಜಾಗವನ್ನೇ ನೋಡುತ್ತ ಕೂರುತ್ತಿದ್ದರು. ಅಜ್ಜಿ ಹೋಗಿಬಿಟ್ಟರೆ ಆ ಹುಡುಗಿಯ ಹೆಸರೂ ಹೋದಂತೆಯೇ ಎಂದು ಅವರಿಗೆ ಗೊತ್ತಿತ್ತು.

ಎಂಬತ್ತರ ದಶಕದ ನಡುವಿನಲ್ಲಿ ನನ್ನ ಅಣ್ಣನ ಮದುವೆ ಗೊತ್ತಾಯಿತು. ಮದುವೆ ಕಾಗದವನ್ನು ಮನೆಯ ಹಿರಿಯರ ಕೈಗೇ ಕೊಟ್ಟು ನಮಸ್ಕಾರ ಮಾಡಬೇಕು, ಅದಕ್ಕೆ ಯಾರೂ ಅಡ್ಡ ಬರುವಂತಿಲ್ಲ. "ಕಾರ್ಕಳದ ಕಡೆಗೆ ನಾನು ಹೋಗ್ತೇನೆ" ಎಂದು ಮಾವ ಯಾರೂ ಕೇಳುವ ಮೊದಲೇ ಎದ್ದು ನಿಂತರು. ಜೊತೆಗೆ ನಾನು. ಹೊರಡುವಾಗ ಅತ್ತೆ ಕೇಳಿದರು, "ಮದುವೆ ಕಾಗದ ಕೊಡಲಿಕ್ಕೆ ಆ ಚೀಲ ಎಂತಕ್ಕೆ?"

"ಮದುವೆ ಕಾಗದ ಹಾಕಲಿಕ್ಕೆ!" ಎಂದರು ಮಾವ.

ಅಜ್ಜಿಯ ಮಗ ಚೀಲವನ್ನು ಕಂಡು ಬಿಳಿಚಿಕೊಂಡರು. ಆದರೆ ನನ್ನ ಕೈಯಲ್ಲಿ ಅರಸಿನ ಹಚ್ಚಿದ ಮದುವೆ ಕಾಗದ! ಏನು ಮಾಡುತ್ತಾರೆ? ಒಳಗೆ ಕರೆದುಕೊಂಡು ಹೋದರು. ಕಿಟಕಿಯ ಪಕ್ಕದ ಮಂಚದಲ್ಲಿ ಅಜ್ಜಿ ಮುದುಡಿ ಕುಳಿತಿದ್ದರು. ನಾನು ಕಾಗದ ಕೊಟ್ಟು ಕಾಲಿಗೆ ಬಿದ್ದೆ. ಮಾವ ಫೋಟೋ ತೆಗೆದು ಅವರ ಕೈಗಿತ್ತರು. ಯಾವಾಗಲೂ ಕೇಳುವ ಪ್ರಶ್ನೆಯನ್ನು ಆವತ್ತು ಕೇಳಲಿಲ್ಲ. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಮ್ಮೆಲೇ ಸಿಟ್ಟು ಬಂತು.

"ಇದು ನನ್ನ ರವಿಕೆ!"

ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ಮಗ, ನಾನು ಹೇಳಲಿಲ್ಲವೇ ಎಂಬಂತೆ ತಲೆಯಾಡಿಸಿದರು.

"ಗಂಡನ ಮನೆಗೆ ಬರುವಾಗ ಅಲ್ಲೇ ಬಿಟ್ಟು ಬಂದದ್ದು. ಮುಟ್ಟಬೇಡ, ನನಗೆ ಬೇಕು ಅಂತ ಸಾವಿರ ಸಲ ಹೇಳಿದ್ದೆ. ಹಾಕಿಕೊಂಡೇ ಬಿಟ್ಟಿದ್ದಾಳಲ್ಲ ಕಳ್ಳಿ! ನಗುವುದು ಬೇರೆ!"

ಮಾವ ಮಂಚದ ಬುಡದಲ್ಲಿ ನೆಲಕ್ಕೇ ಕುಳಿತುಬಿಟ್ಟರು. "ಯಾರು ಅವಳು?"

"ಯಾರು ಅಂದರೆ ಎಂತ? ಪದ್ದು. ಪದ್ಮಾವತಿ. ನನ್ನ ತಂಗಿ."

ಅಜ್ಜಿಗೆ ಎಲ್ಲ ಗುರ್ತವೂ ಇತ್ತು. ಕೇಳುವವರು ಇರಲಿಲ್ಲ, ಅಷ್ಟೇ.

"ನಾನು ಇಲ್ಲಿಗೆ ಬಂದ ಮರುವರ್ಷ, ಆಟಿ ತಿಂಗಳ ಮಳೆಯಲ್ಲಿ ಊರಿನಿಂದ ಒಂದು ಕಾಗದ ಬಂತು. ನನ್ನ ಮಾವನವರು ಅಂಗಳದಲ್ಲೇ ಓದಿ ಹರಿದು ಹಾಕಿದರು. ನನ್ನನ್ನು ಕರೆದು ಸ್ನಾನ ಮಾಡು ಅಂದರು. ಯಾಕೆ ಅಂತ ಸ್ನಾನ ಆದ ಮೇಲೆ ಹೇಳಿದರು. ಜ್ವರ ಅಂತೆ." ಅಜ್ಜಿ ಫೋಟೋದ ಮೇಲೆ ಬೆರಳಾಡಿಸಿದರು. "ಮತ್ತೆ ಯಾರೂ ಅವಳ ಹೆಸರು ಎತ್ತಲಿಲ್ಲ. ಅಮ್ಮ ಅಳ್ತಾಳೆ ಅಂತ ನಾನೂ ಎತ್ತಲಿಲ್ಲ. ಯಾರಾದರೂ ಕೇಳಲಿ ಅಂತ ಇದ್ದೆ. ಇಷ್ಟು ವರ್ಷ ಎಂತ ಮಾಡ್ತಾ ಇದ್ದೆ ಮಗಾ ನೀನು?"

ಜಗಲಿಯಲ್ಲಿ ಕುಡಿದ ಅಷ್ಟೂ ಕಾಫಿಯ ವಿಷಯವನ್ನು ಮಾವ ಹೇಳಬಹುದಿತ್ತು. ಹೇಳಲಿಲ್ಲ. "ತಡ ಆಯ್ತು" ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಅಜ್ಜಿ ಫೋಟೋವನ್ನು ಎದೆಯ ಮೇಲಿಟ್ಟು, ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿದರು. ಮಗ ಗಾಬರಿಯಿಂದ ಓಡಿಬಂದು ಮೂಗಿನ ಬಳಿ ಬೆರಳು ಹಿಡಿದರು.

"ಸಾಯ್ಲಿಲ್ಲ ಮಾರಾಯ, ನಿದ್ದೆ ಬಂತು" ಎಂದರು ಅಜ್ಜಿ ಕಣ್ಣು ತೆರೆಯದೆ.

ಅವರಿಗೆ ನಿದ್ದೆ ಹತ್ತಿದ ಮೇಲೆ ಮಗ ಮೆಲ್ಲನೆ ಫೋಟೋ ಎಳೆದು ಕೊಡಲು ಹೋದರು. ಮಾವ ಅವರ ಕೈ ಹಿಡಿದು, "ಬೇಡ, ಇರ್ಲಿ" ಎಂದರು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅಲ್ಲಿಂದ ಬಸ್ಸು ಹಿಡಿದು ಉಡುಪಿಗೆ ಮರಳಿದೆವು.

ಮನೆಯಲ್ಲಿ ಅತ್ತೆ ಎಂದಿನಂತೆ ಚೀಲ ತೆಗೆದಿಡಲು ಬಂದವರು ಅದನ್ನು ಎತ್ತಿ ನೋಡಿದರು.

"ಚೀಲ ಖಾಲಿ ಉಂಟಲ್ಲ! ಫೋಟೋ ಎಲ್ಲಿ? ಬಸ್ಸಿನಲ್ಲಿ ಬಿಟ್ಟು ಬಂದಿರಾ?"

ಮಾವ ಕಾಲಿಗೆ ನೀರು ಹೊಯ್ದುಕೊಳ್ಳುತ್ತಿದ್ದರು.

"ಇಲ್ಲ ಮಾರಾಯ್ತಿ" ಎಂದರು. "ಪದ್ದುವನ್ನು ಅವಳ ಅಕ್ಕನ ಹತ್ತಿರ ಬಿಟ್ಟು ಬಂದೆ."